ಅಕ್ಕಿಯ ಮೇಲೊಂದು ಹೆಸರು

ಈಚೆಗೆ ನಮ್ಮ ನೆರೆಮನೆಯಲ್ಲಿ ನಡೆದ ನಾಮಕರಣಕ್ಕೆ ನಾನು ಹೋಗಿದ್ದೆನು. ತೊಟ್ಟಿಲಿಗೆ ಹೂವಿನ ಮಾಲೆ ಸುತ್ತಿ, ನಡುಮನೆಯಲ್ಲಿ ರಂಗವಲ್ಲಿಯಿಟ್ಟು, ಹಿತ್ತಾಳೆಯ ಹರಿವಾಣದಲ್ಲಿ ಅಕ್ಕಿಯನ್ನು ಹರಡಿದ್ದರು. ಪುರೋಹಿತರು ಚಿನ್ನದ ಉಂಗುರವನ್ನು ಹಿಡಿದು ಆ ಅಕ್ಕಿಯ ಮೇಲೆ ‘ಅನನ್ಯ’ ಎಂದು ಮೂರು ಅಕ್ಷರಗಳನ್ನು ಬರೆದು ಮುಗಿಸುವಷ್ಟರಲ್ಲಿ, ಮಗುವಿನ ತಂದೆ ತುಸು ಸಂಕೋಚದಿಂದ, “ಗುರುಗಳೇ, ಕೊನೇಲಿ ಇನ್ನೊಂದು ‘ಎ’ ಬರುತ್ತೆ” ಎಂದರು. ಪುರೋಹಿತರು ಉಂಗುರವನ್ನು ಮೇಲೆತ್ತಿ, “ಅಕ್ಕಿ ಮೇಲೆ ಇಂಗ್ಲಿಷಿನ ‘ಎ’ ಎಲ್ಲಿಂದ ತರಲಿ ಸ್ವಾಮಿ?” ಎಂದು ಕೇಳಿದಾಗ ನೆರೆದವರೆಲ್ಲ ನಕ್ಕರು; ನಾನೂ ನಕ್ಕೆನು. ಮಗುವಿನ ಅಜ್ಜಿಯೊಬ್ಬರು ಮಾತ್ರ, “ನಗೋದಕ್ಕೇನಿದೆ? ಮಗು ಚೆನ್ನಾಗಿರಲಿ ಅಂತ ತಾನೇ ಕೇಳ್ತಿರೋದು” ಎಂದು ಎಲ್ಲರನ್ನೂ ಗದರಿದರು.

ಹೆಸರಿಡುವ ಕಾರ್ಯ ಇಷ್ಟು ಚಿಂತೆಯ ವಿಷಯವಾದುದು ಈಚಿನ ಕಾಲದಲ್ಲಿ. ಮೊದಲು ತಾತನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ, ಉಳಿದವರಿಗೆ ಮನೆದೇವರ ಹೆಸರು, ಇಷ್ಟರಲ್ಲಿ ಪ್ರಸ್ತಾಪ ಮುಗಿದುಹೋಗುತ್ತಿತ್ತು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಮೃತ್ಯುವಿನ ಕಣ್ಣಿಗೆ ಕೂಸು ತುಚ್ಛವಾಗಿ ಕಾಣಲೆಂದು ತಿಪ್ಪ, ಗುಂಡ, ಹುಚ್ಚಪ್ಪ ಎಂಬ ಹೆಸರುಗಳನ್ನು ಇಟ್ಟರು. ಹೆಣ್ಣುಮಕ್ಕಳ ಸಾಲು ಬೆಳೆದ ಮನೆಯಲ್ಲಿ ಸಾಕಮ್ಮ ಹುಟ್ಟಿದಳು. ದೊಡ್ಡ ಹೆಸರನ್ನು ಇಟ್ಟರೂ ಅದನ್ನು ಬಳಸಿ ನುಣುಪುಗೊಳಿಸುವ ಹೊಣೆ ನಾಲಗೆಯದಾಗಿತ್ತು: ಕೃಷ್ಣನು ಕಿಟ್ಟಿಯಾದನು, ಶ್ರೀನಿವಾಸನು ಸೀನನಾದನು, ಲಕ್ಷ್ಮಿಯು ಲಕ್ಕಿಯಾದಳು. ಇದನ್ನು ಯಾರೂ ಕಾಗುಣಿತದ ತಪ್ಪೆಂದು ಎಣಿಸಲಿಲ್ಲ.

ಇಂದಿನ ತಂದೆತಾಯಿಗಳ ಅಪೇಕ್ಷೆಗಳಾದರೋ ಹಲವು. ಹೆಸರು ಹೊಸದಾಗಿರಬೇಕು, ತರಗತಿಯಲ್ಲಿ ಇನ್ನೊಬ್ಬರಿಗೆ ಇರಬಾರದು, ಚಿಕ್ಕದಾಗಿರಬೇಕು, ಮುಂದೆ ಮಗು ಅಮೆರಿಕಕ್ಕೆ ಹೋದರೆ ಅಲ್ಲಿನವರ ನಾಲಗೆ ತೊಡರಬಾರದು, ಇಷ್ಟರ ಮೇಲೆ ಜನ್ಮನಕ್ಷತ್ರದ ಅಕ್ಷರದಿಂದಲೇ ಆರಂಭವಾಗಬೇಕು. ಇಪ್ಪತ್ತೇಳು ನಕ್ಷತ್ರಗಳಿಗೆ ತಲಾ ನಾಲ್ಕು ಪಾದಗಳಂತೆ 108 ಪಾದಗಳಿಗೂ ಪಂಚಾಂಗವು ಒಂದೊಂದು ಅಕ್ಷರವನ್ನು ಗೊತ್ತುಮಾಡಿದೆ. ಕೃತ್ತಿಕೆಯ ಮೊದಲ ಪಾದದಲ್ಲಿ ಹುಟ್ಟಿದ ಕೂಸಿಗೆ ‘ಅ’ ಬರುವುದರಿಂದ ಅದರ ಮನೆಯವರಿಗೆ ಆಯ್ಕೆ ಸಮೃದ್ಧ. ಆರ್ದ್ರೆಯ ಮೂರನೆಯ ಪಾದಕ್ಕೆ ಬಂದಿರುವುದು ‘ಙ’ ಅಕ್ಷರ. ಅದರಿಂದ ಆರಂಭವಾಗುವ ಹೆಸರನ್ನು ಈವರೆಗೆ ಯಾವ ತೊಟ್ಟಿಲೂ ಕೇಳಿದಂತಿಲ್ಲ. ಅಂಥವರು ನಕ್ಷತ್ರದ ಕ್ಷಮೆ ಬೇಡಿ ಬೇರೊಂದು ಅಕ್ಷರವನ್ನು ಹಿಡಿಯಬೇಕಾಗುತ್ತದೆ.

ಹೊಸತನದ ಈ ಹಂಬಲದಲ್ಲಿ ಅರ್ಥವು ಕೆಲವೊಮ್ಮೆ ಕಾಲುಜಾರುವುದುಂಟು. ಈಗ ಬಹಳ ಪ್ರಚಾರದಲ್ಲಿರುವ ‘ಆರವ್’ ಎಂಬ ಹೆಸರಿಗೆ ಹೆಸರುಪಟ್ಟಿಗಳು ‘ಶಾಂತ’ ಎಂದು ಅರ್ಥವನ್ನು ಕೊಡುತ್ತವೆ. ನಿಘಂಟನ್ನು ತೆರೆದರೆ ‘ಆರವ’ವೆಂದರೆ ಶಬ್ದ, ಕೂಗು, ಗದ್ದಲ. ಎರಡು ವರ್ಷದ ಗಂಡುಮಗು ಇರುವ ಮನೆಗೆ ಹೋಗಿ ಒಂದು ಗಳಿಗೆ ಕುಳಿತವರು, ಪಟ್ಟಿಗಿಂತ ನಿಘಂಟೇ ಸತ್ಯಕ್ಕೆ ಸಮೀಪವೆಂದು ಒಪ್ಪುವರು.

ನಮ್ಮ ಪ್ರಾಚೀನರೂ ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಹೆಸರು ಘೋಷಾಕ್ಷರದಿಂದ ಆರಂಭವಾಗಬೇಕು, ನಡುವೆ ಯ, ರ, ಲ, ವಗಳಂಥ ಅಂತಸ್ಥವಿರಬೇಕು, ಗಂಡಿಗೆ ಸಮಸಂಖ್ಯೆಯ ಹೆಣ್ಣಿಗೆ ಬೆಸಸಂಖ್ಯೆಯ ಅಕ್ಷರಗಳಿರಬೇಕು ಎಂದು ಆಶ್ವಲಾಯನ ಗೃಹ್ಯಸೂತ್ರವು ವಿಧಿಸುತ್ತದೆ. ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿ ವ್ಯಾಕರಣವನ್ನು ಏಕೆ ಓದಬೇಕೆಂಬ ಪ್ರಶ್ನೆಗೆ ಕೊಡುವ ಕಾರಣಗಳಲ್ಲಿ ಇದೂ ಒಂದು: ಮಗನಿಗೆ ಇಡುವ ಹೆಸರು ಕೃದಂತವಾಗಿರಬೇಕೇ ಹೊರತು ತದ್ಧಿತಾಂತವಾಗಿರಬಾರದು, ವ್ಯಾಕರಣ ತಿಳಿಯದವನು ಆ ಭೇದವನ್ನು ಅರಿಯಲಾರ. ಆದಕಾರಣ ಪರರ ಮಕ್ಕಳ ಹೆಸರನ್ನು ತೂಗಿನೋಡುವ ಚಾಪಲ್ಯವು ನಮ್ಮಲ್ಲಿ ಎರಡು ಸಾವಿರ ವರ್ಷಗಳಿಗೂ ಹಳೆಯದು.

ಹೊಸದಾಗಿ ಬಂದುದು ಕಾಗುಣಿತದ ಕಲಹ. ಕನ್ನಡದಲ್ಲಿ ಬರೆದ ಹೆಸರನ್ನು ಬರೆದಂತೆಯೇ ಓದುತ್ತೇವೆ. ಅದೇ ಹೆಸರು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳೊಳಗೆ ಕಾಲಿಟ್ಟೊಡನೆ ಜಗಳವು ಹುಟ್ಟುತ್ತದೆ. ‘ಗೀತಾ’ ಎಂಬ ಸರಳವಾದ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನ ‘ಟಿ’ಯನ್ನು ನಾವು ‘ಟ’ಕಾರಕ್ಕೆ ಕೊಟ್ಟುಬಿಟ್ಟಿರುವುದರಿಂದ, ‘ತ’ಕಾರವನ್ನು ತೋರಿಸಲು ಅದರ ಪಕ್ಕದಲ್ಲಿ ‘ಎಚ್’ ಒಂದನ್ನು ನಿಲ್ಲಿಸುವುದು ದಕ್ಷಿಣದವರ ವಾಡಿಕೆ. ಉತ್ತರದವರಿಗೆ ಆ ‘ಎಚ್’ ಮಹಾಪ್ರಾಣದ ಗುರುತಾದ್ದರಿಂದ ಅವರು ‘ಗೀಥಾ’ ಎಂದು ಓದಿ, ಮದ್ರಾಸಿನ ಕಡೆಯವರಿಗೆ ಬರೆಯಲು ಬಾರದೆಂದು ಮುಗುಳ್ನಗುತ್ತಾರೆ. ಅವರು ‘ಎಚ್’ ಇಲ್ಲದೆ ಬರೆದುದನ್ನು ನಾವು ‘ಗೀಟಾ’ ಎಂದು ಓದಿ ನಗುತ್ತೇವೆ. ಎರಡು ಕಡೆಯವರೂ ತಮ್ಮ ತಮ್ಮ ನಿಯಮಕ್ಕೆ ನಿಷ್ಠರೇ. ತಪ್ಪೇನಾದರೂ ಇದ್ದರೆ ಅದು ತ, ಥ, ಟ, ಠಗಳೆಂಬ ನಾಲ್ವರಿಗೆ ಒಂದೇ ಪೀಠವನ್ನಿಟ್ಟ ಲಿಪಿಯದು.

ಈ ‘ಎಚ್’ ಉಚ್ಚಾರಣೆಗಾಗಿ ಮಾಡಿದ ಪ್ರಯತ್ನ. ನನ್ನ ನೆರೆಮನೆಯವರು ಕೇಳಿದ ‘ಎ’ ಬೇರೆ ಜಾತಿಯದು, ಅದು ಸಂಖ್ಯೆಗಾಗಿ ಬಂದದ್ದು. ಕೀರೋ ಎಂಬ ಐರಿಷ್ ಹಸ್ತಸಾಮುದ್ರಿಕನು ಪ್ರಚಾರಕ್ಕೆ ತಂದ, ನ್ಯೂಮರಾಲಜಿಯವರು ಬಹುವಾಗಿ ಅನುಸರಿಸುವ ಒಂದು ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ 1ರಿಂದ 8ರವರೆಗೆ ಬೆಲೆಗಳುಂಟು. 9 ಯಾವ ಅಕ್ಷರಕ್ಕೂ ಸಲ್ಲದು. ಆ ಲೆಕ್ಕದಲ್ಲಿ ‘ಅನನ್ಯ’ದ ಆರು ಇಂಗ್ಲಿಷ್ ಅಕ್ಷರಗಳ ಬೆಲೆ 1, 5, 1, 5, 1, 1, ಕೂಡಿದರೆ 14, ಅದನ್ನು ಮತ್ತೆ ಕೂಡಿದರೆ 5. ಕೊನೆಗೆ ಇನ್ನೊಂದು ‘ಎ’ ಸೇರಿಸಿದರೆ ಮೊತ್ತ 15 ಆಗಿ 6 ಬರುತ್ತದೆ. ಮನೆಯವರಿಗೆ ಬೇಕಾದುದು ಆ ಆರು. ಕನ್ನಡದ ಕೂಸಿನ ಭಾಗ್ಯವನ್ನು ಇಂಗ್ಲಿಷಿನ ಅಕ್ಷರ ನಿರ್ಣಯಿಸುವುದು ವಿಚಿತ್ರವೇ ಸರಿ.

ಆದರೆ ಸಂಖ್ಯೆಗೋಸ್ಕರ ಹೆಸರನ್ನು ತಿದ್ದುವುದು ನಮಗೆ ತೀರ ಅಪರಿಚಿತವೆಂದು ಹೇಳಲಾಗದು. ಕರ್ಣಾಟಕ ಸಂಗೀತದ ಎಪ್ಪತ್ತೆರಡು ಮೇಳಗಳಲ್ಲಿ ಶಂಕರಾಭರಣವು ಇಪ್ಪತ್ತೊಂಬತ್ತನೆಯದು. ಅಕ್ಷರಗಳಿಗೆ ಅಂಕೆಗಳನ್ನು ಗೊತ್ತುಮಾಡುವ ಕಟಪಯಾದಿ ಸೂತ್ರದಲ್ಲಿ ‘ಧ’ಕ್ಕೆ 9, ‘ರ’ಕ್ಕೆ 2; ಅವನ್ನು ತಿರುಗಿಸಿ ಓದಿದರೆ 29. ಅದಕ್ಕಾಗಿಯೇ ಆ ರಾಗದ ಹಳೆಯ ಹೆಸರಿನ ಮುಂದೆ ‘ಧೀರ’ ಎಂಬ ಪದವನ್ನು ಕೂಡಿಸಿ ‘ಧೀರಶಂಕರಾಭರಣ’ ಎಂದರು. ಕಲ್ಯಾಣಿಯು 65ನೆಯ ಮೇಳವಾದ್ದರಿಂದ ‘ಮೇಚಕಲ್ಯಾಣಿ’ಯಾಯಿತು. ಅಲ್ಲಿ ಕೂಡಿಸಿದ ಪದವು ಕಿವಿಗೂ ಕೇಳಿಸುತ್ತದೆ, ಮೇಳದ ಸಂಖ್ಯೆಯನ್ನೂ ಹೇಳುತ್ತದೆ. ಇಲ್ಲಿ ಕೂಡಿಸಿದ ‘ಎ’ ಕಾಗದದ ಮೇಲೆ ಮೌನವಾಗಿ ಕುಳಿತಿರುತ್ತದೆ.

ಮೌನವಾಗಿದ್ದರೂ ಅದು ನಿರುಪದ್ರವಿಯಲ್ಲ. ಹಾಜರಿ ಕೂಗುವ ಮೇಷ್ಟರು ಆ ಹೆಸರಿನ ಎದುರಿಗೆ ಒಂದು ಕ್ಷಣ ತಡೆಯುತ್ತಾರೆ; ಬ್ಯಾಂಕಿನ ಗುಮಾಸ್ತರು, ಮುದ್ರಣದೋಷವೆಂದು ಬಗೆದು, ಹೆಚ್ಚಿನ ಅಕ್ಷರವನ್ನು ಉಪಕಾರಬುದ್ಧಿಯಿಂದಲೇ ತೆಗೆದುಬಿಡುತ್ತಾರೆ; ನೆಂಟರು ಲಗ್ನಪತ್ರಿಕೆಯಲ್ಲಿ ಅದನ್ನು ಕಂಡು, ಇವರು ಎಷ್ಟು ಓದಿದವರು, ಯಾವ ಜ್ಯೋತಿಷಿಯ ಬಾಗಿಲಿಗೆ ಹೋಗಿದ್ದರು ಎಂಬುದನ್ನೆಲ್ಲ ಊಹಿಸುತ್ತಾರೆ. ನೋಡಿದರೆ, ಹೆಸರಿನ ನೆಪದಲ್ಲಿ ನಡೆಯುವ ವಿಚಾರಣೆ ಹೆಸರಿನದಲ್ಲ, ಮನೆತನದ ವಿದ್ಯೆಯದು, ಅಂತಸ್ತಿನದು. ಆ ತೀರ್ಪನ್ನು ಹೊರಬೇಕಾದುದು ಮಾತ್ರ ಹೆಸರಿಟ್ಟವರಲ್ಲ, ಇಡಿಸಿಕೊಂಡ ಕೂಸು. ಆದ್ದರಿಂದ ತಂದೆತಾಯಿಗಳು ಹೊಸ ಹೆಸರನ್ನು ಮೊದಲು ಕನ್ನಡದಲ್ಲಿ ಬರೆದು, ಬೀದಿಯಲ್ಲಿ ಆಡುವ ಮಗುವನ್ನು ಸಂಜೆ ಊಟಕ್ಕೆ ಕೂಗುವಂತೆ ಗಟ್ಟಿಯಾಗಿ ಒಮ್ಮೆ ಕೂಗಿ ನೋಡುವುದು ಲೇಸು. ಕಿವಿ ಒಪ್ಪಿದ ಮೇಲೆ ಇಂಗ್ಲಿಷಿನ ಒಂದು ಕಾಗುಣಿತವನ್ನು ನಿಶ್ಚಯಿಸಿ ಅದನ್ನೇ ಕೊನೆಯವರೆಗೆ ಹಿಡಿಯಬೇಕು.

ಈ ನಿಶ್ಚಯಕ್ಕೆ ಕಾಯಿದೆಯು ಸಾಕಷ್ಟು ಅವಕಾಶವನ್ನು ಕೊಟ್ಟಿದೆ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಜನನವನ್ನು 21 ದಿನಗಳೊಳಗೆ ತಿಳಿಸಬೇಕು; ಹೆಸರಿಗೆ ಅಷ್ಟು ಅವಸರವಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ತಡವಾದುದರ ಶುಲ್ಕ ತೆತ್ತು 15 ವರ್ಷಗಳವರೆಗೂ ಅದನ್ನು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ, ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟು, ಆಧಾರ್ ಮೊದಲಾದವುಗಳಿಗೆಲ್ಲ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ ಮತ್ತು ಸ್ಥಳಗಳ ಸಾಕ್ಷಿಯಾಗಿದೆ. ಅದರಲ್ಲಿ ಒಂದು ‘ಎ’, ಶಾಲೆಯ ದಾಖಲೆಯಲ್ಲಿ ಎರಡು ‘ಎ’ ಬಂದವೆಂದರೆ, ಅವೆರಡೂ ಒಬ್ಬಳೇ ಹುಡುಗಿಯೆಂದು ಸಾಧಿಸಲು ಅಫಿಡವಿಟ್ಟು, ಪತ್ರಿಕಾ ಪ್ರಕಟಣೆ ಎಂದು ಅಲೆಯುವ ಪ್ರಸಂಗ ಒದಗುತ್ತದೆ.

ನಾವೆಲ್ಲ ನಕ್ಕು ಮುಗಿಸಿದ ಮೇಲೆ ಪುರೋಹಿತರು ಹರಿವಾಣವನ್ನೇ ನೋಡುತ್ತ ಕುಳಿತಿದ್ದರು. ಸ್ವಲ್ಪ ಹೊತ್ತಿಗೆ, “ನಿಲ್ಲಿ ಸ್ವಾಮಿ, ನೀವು ಹೇಳಿದ್ದೇ ಸರಿ. ಸಂಸ್ಕೃತದಲ್ಲಿ ಅನನ್ಯ ಅಂದರೆ ಗಂಡಾಯಿತು, ಹೆಣ್ಣುಮಗುವಿಗೆ ಅನನ್ಯಾ ಅಂತ ದೀರ್ಘ ಬರಬೇಕು. ಅಭ್ಯಾಸಬಲ, ನಾನೇ ಹ್ರಸ್ವ ಬರೆದುಬಿಟ್ಟೆ” ಎಂದರು. ಅವರ ಮಾತು ನಿಜ. ಹೆಣ್ಣಿನ ಹೆಸರು ಉಚ್ಚರಿಸಲು ಸುಲಭವಾಗಿದ್ದು ದೀರ್ಘಸ್ವರದಲ್ಲಿ ಮುಗಿಯಬೇಕೆಂದು ಮನುವೂ ಹೇಳಿದ್ದಾನೆ. ಸೀತಾ ಎಂಬುದನ್ನು ಸೀತೆಯೆಂದೂ ಕವಿತಾ ಎಂಬುದನ್ನು ಕವಿತವೆಂದೂ ಮೊಟಕುಮಾಡುವ ಕನ್ನಡ ನಾಲಗೆಗೆ ಅದು ಮರೆತುಹೋಗಿದೆ. ನ್ಯೂಮರಾಲಜಿಯ ಲೆಕ್ಕದವನು ತನಗೆ ತಿಳಿಯದೆಯೇ ಹೇಳಿದ್ದ ವ್ಯಾಕರಣಕ್ಕೆ ನಾವು ತಿಳಿದವರೆಂಬ ಹಮ್ಮಿನಿಂದ ನಕ್ಕಿದ್ದೆವು.

ಪುರೋಹಿತರು ಉಂಗುರದಿಂದ ಕೊನೆಯ ಅಕ್ಷರಕ್ಕೆ ದೀರ್ಘವನ್ನು ಎಳೆದರು. ನಾಲ್ಕು ಅಕ್ಕಿಕಾಳು ಪಕ್ಕಕ್ಕೆ ಸರಿದವು. ಅಜ್ಜಿಯವರು ನಮ್ಮ ಕಡೆ ಒಮ್ಮೆ ನೋಡಿದರೇ ಹೊರತು ಏನೂ ಹೇಳಲಿಲ್ಲ. ಬಳಿಕ ಮಗುವಿನ ಸೋದರತ್ತೆ ತೊಟ್ಟಿಲಿಗೆ ಬಾಗಿ, ಕೈಯಿಂದ ಮರೆಮಾಡಿ, ಕೂಸಿನ ಕಿವಿಯಲ್ಲಿ ಆ ಹೆಸರನ್ನು ಮೂರು ಸಲ ಉಸುರಿದರು. ಆಕೆ ಕೊನೆಯ ದೀರ್ಘವನ್ನು ಎಳೆದರೋ ಇಲ್ಲವೋ, ಅದು ಆ ಕೂಸಿಗೆ ಮಾತ್ರ ಗೊತ್ತು.