ಯಂತ್ರದ ಕೈಗೆ ಬೀಗದ ಕೀಲಿ: ಇ-ಇನ್‌ವಾಯ್ಸ್ ತಂತ್ರಾಂಶ ಹಾಗೂ ಪ್ರವೇಶಾಧಿಕಾರ

ವಾರ್ಷಿಕ ಒಟ್ಟು ವಹಿವಾಟು 5 ಕೋಟಿ ರೂಪಾಯಿಗಳನ್ನು ಮೀರಿದ ನೋಂದಾಯಿತ ವರ್ತಕರು ಹಾಗೂ ಉತ್ಪಾದಕರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವುದು ಸದಸ್ಯರೆಲ್ಲರಿಗೂ ತಿಳಿದ ವಿಷಯ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ಸಂಸ್ಥೆಗಳಿಗೆ ಮಾತ್ರ ಅನ್ವಯವಾಗಿದ್ದ ಈ ಪದ್ಧತಿಯು 100 ಕೋಟಿ, 50 ಕೋಟಿ, 20 ಕೋಟಿ, 10 ಕೋಟಿ ಎಂದು ಮೆಟ್ಟಿಲಿಳಿಯುತ್ತಾ ಬಂದು, ನಂಜನಗೂಡು ಮತ್ತು ತಾಂಡ್ಯ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳನ್ನೂ ತಿ.ನರಸೀಪುರದ ಸಗಟು ವರ್ತಕರನ್ನೂ ತಲುಪಿದೆ. ಪ್ರತಿ ಇನ್‌ವಾಯ್ಸನ್ನು ಪೋರ್ಟಲ್‌ನಲ್ಲಿ ಕೈಯಾರೆ ನಮೂದಿಸುವುದು ಶ್ರಮದ ಕೆಲಸವಾದ್ದರಿಂದ, ಹಲವರು ಬಿಲ್ಲಿಂಗ್ ತಂತ್ರಾಂಶವನ್ನೇ ಪೋರ್ಟಲ್‌ಗೆ ನೇರವಾಗಿ ಜೋಡಿಸಿಕೊಂಡಿದ್ದಾರೆ. ಹೀಗೆ ಜೋಡಿಸುವಾಗ ನಾವು ಯಂತ್ರವೊಂದರ ಕೈಗೆ ನಮ್ಮ ವ್ಯಾಪಾರದ ಕೀಲಿಯನ್ನು ಕೊಡುತ್ತೇವೆ. ಆ ಕೀಲಿ ಯಾವುದು, ಅದು ಎಲ್ಲಿರುತ್ತದೆ, ಅದನ್ನು ಹಿಂಪಡೆಯುವುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನೋಂದಣಿ ನಡೆಯುವ ಬಗೆ

ವ್ಯಾಟ್ ಕಾಲದಲ್ಲಿ ನಮ್ಮ ರಾಜ್ಯದ ವರ್ತಕರು ಇ-ಸುಗಮ್ ಪದ್ಧತಿಗೆ ಒಗ್ಗಿಕೊಂಡಿದ್ದರು. 2018ರ ಏಪ್ರಿಲ್ 1ರಂದು ಇ-ವೇ ಬಿಲ್ ಜಾರಿಗೆ ಬಂದಾಗ, ರಾಜ್ಯದೊಳಗಿನ ಸಾಗಣೆಗೂ ಅದನ್ನು ಅಂದೇ ಅನ್ವಯಿಸಿದ ರಾಜ್ಯ ಕರ್ನಾಟಕ. ಇ-ಇನ್‌ವಾಯ್ಸ್ ಅದರ ಮುಂದಿನ ಹೆಜ್ಜೆ. ಇಲ್ಲಿ ಇನ್‌ವಾಯ್ಸಿನ ವಿವರಗಳು ನೋಂದಣಿ ಪೋರ್ಟಲ್‌ಗೆ ಹೋಗುತ್ತವೆ. ಪೋರ್ಟಲ್ ಅವುಗಳನ್ನು ಪರಿಶೀಲಿಸಿ 64 ಅಕ್ಷರಗಳ ಐಆರ್‌ಎನ್ ಸಂಖ್ಯೆಯನ್ನೂ ಡಿಜಿಟಲ್ ಸಹಿಯುಳ್ಳ ಕ್ಯುಆರ್ ಸಂಕೇತವನ್ನೂ ಹಿಂದಿರುಗಿಸುತ್ತದೆ. ಮಾರಾಟಗಾರನ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ವಿಧ ಹಾಗೂ ದಾಖಲೆಯ ಸಂಖ್ಯೆ - ಈ ನಾಲ್ಕರಿಂದ ಗಣಿತ ವಿಧಾನದಿಂದ ಆ 64 ಅಕ್ಷರಗಳು ಹುಟ್ಟುತ್ತವೆ.

ಕೇಂದ್ರ ಜಿಎಸ್‌ಟಿ ನಿಯಮ 48(5)ರ ಪ್ರಕಾರ, ಇ-ಇನ್‌ವಾಯ್ಸ್ ಅನ್ವಯವಾಗುವ ವರ್ತಕನು ಬೇರೆ ರೀತಿಯಲ್ಲಿ ನೀಡಿದ ಇನ್‌ವಾಯ್ಸ್ ಇನ್‌ವಾಯ್ಸೇ ಅಲ್ಲ. ಉದಾಹರಣೆಗೆ, 4,00,000 ರೂಪಾಯಿ ಮೌಲ್ಯದ, ಶೇಕಡಾ 18ರ ತೆರಿಗೆಯುಳ್ಳ ಸರಕು ಐಆರ್‌ಎನ್ ಇಲ್ಲದೆ ಹೊರಟಿತೆನ್ನೋಣ. ಖರೀದಿದಾರನ 72,000 ರೂಪಾಯಿಗಳ ಹೂಡುವಳಿ ತೆರಿಗೆ ಜಮೆ ಪ್ರಶ್ನೆಗೊಳಗಾಗುತ್ತದೆ. ದಾರಿಯಲ್ಲಿ ವಾಹನ ತಡೆದು ಕಲಂ 129ರನ್ವಯ ಕ್ರಮ ಜರುಗಿದಲ್ಲಿ, ಸರಕಿನ ಮಾಲೀಕ ಮುಂದೆ ಬಂದಾಗಲೂ ತೆರಿಗೆಯ ಶೇಕಡಾ 200ರಷ್ಟು, ಅಂದರೆ 1,44,000 ರೂಪಾಯಿ ದಂಡ ತೆರಬೇಕಾದೀತು. ಆದುದರಿಂದ ಪೋರ್ಟಲ್ ಜೊತೆಗಿನ ಸಂಪರ್ಕ ಕಡಿದರೆ ಕಾರ್ಖಾನೆಯ ಗೇಟಿನಲ್ಲಿ ಲಾರಿ ನಿಲ್ಲುತ್ತದೆ.

ಯಂತ್ರಕ್ಕೆ ಕೊಡುವ ಕೀಲಿ

ನಂಜನಗೂಡಿನ ಔಷಧ ಕಾರ್ಖಾನೆಗಳಲ್ಲಿ ಎಪಿಐ ಎಂದರೆ ಔಷಧದ ಮೂಲ ದ್ರವ್ಯ. ತಂತ್ರಾಂಶದವರ ಬಾಯಲ್ಲಿ ಎಪಿಐ ಎಂದರೆ ಒಂದು ಯಂತ್ರ ಇನ್ನೊಂದು ಯಂತ್ರದೊಡನೆ ವ್ಯವಹರಿಸುವ ಕಿಟಕಿ. ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ನಾವು ಲಾಗಿನ್ ಆಗಿ ಎಪಿಐ ನೋಂದಣಿ ವಿಭಾಗದಲ್ಲಿ ಪ್ರತ್ಯೇಕ ಎಪಿಐ ಬಳಕೆದಾರನನ್ನು ಸೃಷ್ಟಿಸಿ, ಯಾವ ಜಿಎಸ್‌ಟಿ ಸುವಿಧಾ ಪ್ರೊವೈಡರ್ ಅಥವಾ ಯಾವ ಇಆರ್‌ಪಿ ಸಂಸ್ಥೆಯ ಮೂಲಕ ವ್ಯವಹರಿಸುತ್ತೇವೆಂದು ಸೂಚಿಸುತ್ತೇವೆ. ತಂತ್ರಾಂಶವು ಆ ಹೆಸರು ಮತ್ತು ಪಾಸ್‌ವರ್ಡನ್ನು ತೋರಿಸಿ ಒಂದು ಟೋಕನ್ ಪಡೆಯುತ್ತದೆ. ಟೋಕನ್‌ನ ಆಯುಷ್ಯ 6 ಗಂಟೆ. ಅವಧಿ ಮುಗಿದೊಡನೆ ಹೊಸದನ್ನು ಪಡೆಯಬೇಕು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. 2025ರ ಏಪ್ರಿಲ್ 1ರಿಂದ ಈ ಪೋರ್ಟಲ್‌ಗೆ ಲಾಗಿನ್ ಆಗುವ ಎಲ್ಲ ತೆರಿಗೆದಾರರಿಗೂ ಪಾಸ್‌ವರ್ಡ್ ಜೊತೆಗೆ ಒಟಿಪಿ ಕಡ್ಡಾಯವಾಗಿದೆ. ಇದು ಮನುಷ್ಯರು ಬರುವ ಬಾಗಿಲಿನ ಕಾವಲು. ಪ್ರತಿ ಇನ್‌ವಾಯ್ಸಿಗೂ ಮಾಲೀಕನ ಫೋನಿಗೆ ಒಟಿಪಿ ಬರುವುದಾದರೆ ಸ್ವಯಂಚಾಲನೆಗೆ ಅರ್ಥವೇ ಉಳಿಯದು. ಆದುದರಿಂದ ಯಂತ್ರದ ಕೀಲಿ ಯಾರ ಕೈಯಲ್ಲಿದೆಯೋ ಅವರು ಮಾಲೀಕನಿಗೆ ತಿಳಿಯದಂತೆಯೇ ಅವನ ಹೆಸರಿನಲ್ಲಿ ಇನ್‌ವಾಯ್ಸ್ ನೋಂದಾಯಿಸಬಲ್ಲರು. ಹಾಗೆ ನೋಂದಣಿಯಾದ ಇನ್‌ವಾಯ್ಸ್ ತಾನಾಗಿಯೇ ಜಿಎಸ್‌ಟಿಆರ್-1ಕ್ಕೆ ಹರಿದು ತೆರಿಗೆಯ ಹೊಣೆಯನ್ನು ತರುತ್ತದೆ. ಪೋರ್ಟಲ್‌ನಲ್ಲಿ ರದ್ದುಪಡಿಸಲು ಇರುವ ಕಾಲಾವಕಾಶ 24 ಗಂಟೆ ಮಾತ್ರ.

ಕೀಲಿ ಇರುವ ಜಾಗ: ಕಂಟೇನರ್ ಮತ್ತು ರಿಜಿಸ್ಟ್ರಿ

ಕೊಟ್ಟ ಕೀಲಿ ನಮ್ಮ ಕಚೇರಿಯ ಕಪಾಟಿನಲ್ಲಿ ಉಳಿಯುವುದಿಲ್ಲ. ಅದು ತಂತ್ರಾಂಶದೊಳಕ್ಕೆ ಹೋಗುತ್ತದೆ. ಇಂದು ತಂತ್ರಾಂಶ ಪೂರೈಕೆದಾರರು ತಮ್ಮ ಸರಕನ್ನು ಸಿ.ಡಿ.ಯಲ್ಲಿ ತಂದುಕೊಡುವುದಿಲ್ಲ. 2013ರಲ್ಲಿ ಡಾಕರ್ ಬಂದ ನಂತರ ಕಂಟೇನರ್ ಪದ್ಧತಿ ವ್ಯಾಪಕವಾಗಿದೆ. ರಫ್ತಿನ ಸರಕನ್ನು ಉಕ್ಕಿನ ಕಂಟೇನರ್‌ನಲ್ಲಿ ತುಂಬಿ ಮೊಹರು ಮಾಡಿದರೆ ಲಾರಿ, ರೈಲು, ಹಡಗು ಯಾವುದಾದರೂ ಅದನ್ನು ಬಿಚ್ಚದೆ ಸಾಗಿಸುವಂತೆ, ತಂತ್ರಾಂಶವನ್ನೂ ಅದಕ್ಕೆ ಬೇಕಾದ ಸಕಲ ಪರಿಕರಗಳನ್ನೂ ಒಂದೇ ಪೊಟ್ಟಣವಾಗಿ ಕಟ್ಟಲಾಗುತ್ತದೆ. ಇದಕ್ಕೆ ಇಮೇಜ್ ಎಂದು ಹೆಸರು. ಕಟ್ಟಿದ ಇಮೇಜ್‌ಗಳನ್ನು ದಾಸ್ತಾನು ಮಾಡುವ ಉಗ್ರಾಣವೇ ಕಂಟೇನರ್ ರಿಜಿಸ್ಟ್ರಿ. ಡಾಕರ್ ಹಬ್, ಗಿಟ್‌ಹಬ್, ಅಮೆಜಾನ್ ಮೊದಲಾದವರು ಇಂತಹ ರಿಜಿಸ್ಟ್ರಿಗಳನ್ನು ನಡೆಸುತ್ತಾರೆ.

ತೆರಿಗೆ ದರವೋ ನಮೂನೆಯೋ ಬದಲಾದಾಗ ಪೂರೈಕೆದಾರನು ತಂತ್ರಾಂಶವನ್ನು ತಿದ್ದುತ್ತಾನೆ. ಕೂಡಲೇ ಅವನಲ್ಲಿರುವ ಸ್ವಯಂಚಾಲಿತ ವ್ಯವಸ್ಥೆಯು ಹೊಸ ಇಮೇಜ್ ಕಟ್ಟಿ ರಿಜಿಸ್ಟ್ರಿಗೆ ಏರಿಸುತ್ತದೆ. ಕಾರ್ಖಾನೆಯ ಗಣಕಯಂತ್ರವು ಅಲ್ಲಿಂದ ಇಳಿಸಿಕೊಂಡು ಚಾಲನೆಗೆ ತರುತ್ತದೆ. ನಡುವೆ ಮನುಷ್ಯನ ಕೈ ಬೇಕಿಲ್ಲ. ಆದರೆ ಉಗ್ರಾಣಕ್ಕೆ ಹೋಗಿಬರಲು ಎರಡೂ ಯಂತ್ರಗಳಿಗೆ ಪ್ರವೇಶಾಧಿಕಾರ ಬೇಕು. ಅಪಾಯದ ಹೆಚ್ಚಿನ ಭಾಗ ಇರುವುದು ಈ ಅಧಿಕಾರವನ್ನು ಹೇಗೆ ಹಂಚಲಾಗಿದೆ ಎಂಬುದರಲ್ಲಿ.

ಅಧಿಕಾರದ ಹಂಚಿಕೆ

ಉಗ್ರಾಣದಲ್ಲಿ ಸರಕು ಇಡುವವನು ಬೇರೆ, ಒಯ್ಯುವವನು ಬೇರೆ, ಲೆಕ್ಕ ಬರೆಯುವವನು ಬೇರೆ ಇರಬೇಕೆಂಬುದು ಹಳೆಯ ನಿಯಮ. ರಿಜಿಸ್ಟ್ರಿಗೂ ಅದೇ ನಿಯಮ ಸಲ್ಲುತ್ತದೆ.

ಒಂದು: ಇಮೇಜ್ ಕಟ್ಟುವ ಯಂತ್ರಕ್ಕೆ ಏರಿಸುವ ಅಧಿಕಾರ ಸಾಕು, ಅದೂ ಆ ಒಂದು ಇಮೇಜಿಗೆ ಮಾತ್ರ. ಕಾರ್ಖಾನೆಯ ಯಂತ್ರಕ್ಕೆ ಇಳಿಸಿಕೊಳ್ಳುವ ಅಧಿಕಾರ ಸಾಕು. ಎರಡಕ್ಕೂ ಒಂದೇ ಪಾಸ್‌ವರ್ಡ್ ಇದ್ದರೆ, ಯಾವುದೋ ಒಬ್ಬ ಗ್ರಾಹಕನ ಕಚೇರಿಯಿಂದ ಅದು ಸೋರಿಹೋದಾಗ, ಸೋರಿದವರು ಕಲುಷಿತ ಇಮೇಜನ್ನು ರಿಜಿಸ್ಟ್ರಿಗೆ ಏರಿಸಿ ಎಲ್ಲ ಗ್ರಾಹಕರಿಗೂ ಹಂಚಬಹುದು.

ಎರಡು: ಮಾಲೀಕನ ಸ್ವಂತ ಪಾಸ್‌ವರ್ಡ್ ಬದಲು ಟೋಕನ್ ಬಳಸಬೇಕು. ಡಾಕರ್ ಹಬ್‌ನಲ್ಲಿ ಓದುವ ಅಧಿಕಾರ ಮಾತ್ರವಿರುವ ಟೋಕನ್ ಪಡೆಯಲು ಅವಕಾಶವಿದೆ. ಗಿಟ್‌ಹಬ್‌ನ ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಪ್ರತಿ ಕೆಲಸಕ್ಕೂ ಹೊಸ ಟೋಕನ್ ಹುಟ್ಟಿ, ಕೆಲಸ ಮುಗಿದೊಡನೆ ಅದು ನಿರರ್ಥಕವಾಗುತ್ತದೆ. ಅಮೆಜಾನ್ ರಿಜಿಸ್ಟ್ರಿಯ ಟೋಕನ್ 12 ಗಂಟೆಗೆ ಮುಗಿಯುತ್ತದೆ. ಆಯುಷ್ಯ ಕಡಿಮೆಯಾದಷ್ಟೂ ಕಳುವಾದ ಟೋಕನ್‌ನಿಂದಾಗುವ ಹಾನಿ ಕಡಿಮೆ.

ಮೂರು: ಇ-ಇನ್‌ವಾಯ್ಸ್‌ನ ಎಪಿಐ ಪಾಸ್‌ವರ್ಡನ್ನು ಇಮೇಜಿನ ಒಳಗೆ ಕಟ್ಟಲೇಕೂಡದು. ಇಮೇಜ್ ಪದರ ಪದರವಾಗಿ ರೂಪುಗೊಳ್ಳುತ್ತದೆ. ಕೆಳಗಿನ ಪದರದಲ್ಲಿಟ್ಟ ಪಾಸ್‌ವರ್ಡನ್ನು ಮೇಲಿನ ಪದರದಲ್ಲಿ ಅಳಿಸಿದರೂ ಅದು ಕೆಳಗೆ ಹಾಗೆಯೇ ಇರುತ್ತದೆ. ಬಿಲ್ ಪುಸ್ತಕದ ಮೇಲಿನ ಹಾಳೆ ಹರಿದರೂ ಕಾರ್ಬನ್ ಪ್ರತಿ ಉಳಿಯುವಂತೆ. ಇಮೇಜ್ ಇಳಿಸಿಕೊಂಡ ಯಾರಾದರೂ ಅದನ್ನು ಓದಬಲ್ಲರು. ಪಾಸ್‌ವರ್ಡನ್ನು ಪ್ರತ್ಯೇಕವಾಗಿ, ಕಾರ್ಖಾನೆಯ ಯಂತ್ರದಲ್ಲಿಯೇ ಭದ್ರವಾಗಿರಿಸಿ, ಚಾಲನೆಯ ವೇಳೆಗೆ ಮಾತ್ರ ಒದಗಿಸಬೇಕು.

ನಾಲ್ಕು: ಇಳಿಸಿಕೊಳ್ಳುವಾಗ ಇತ್ತೀಚಿನದು ಎಂಬ ಚೀಟಿಯನ್ನು ನಂಬುವ ಬದಲು ನಿರ್ದಿಷ್ಟ ಇಮೇಜಿನ ಗುರುತನ್ನೇ ನಮೂದಿಸಬೇಕು. ಚೀಟಿಯನ್ನು ಒಂದು ಇಮೇಜಿನಿಂದ ತೆಗೆದು ಮತ್ತೊಂದಕ್ಕೆ ಅಂಟಿಸಬಹುದು. ಆದರೆ ಇಮೇಜಿನ ಒಳಗಿರುವುದನ್ನೇ ಲೆಕ್ಕ ಹಾಕಿ ಪಡೆದ ಗುರುತು ಹಾಗಲ್ಲ. ಒಳಗಿನ ಒಂದು ಅಕ್ಷರ ಬದಲಾದರೂ ಗುರುತು ಬದಲಾಗುತ್ತದೆ. ಈ ಗುರುತೂ ಐಆರ್‌ಎನ್ ಹುಟ್ಟುವ ಎಸ್‌ಎಚ್‌ಎ-256 ವಿಧಾನದಿಂದಲೇ ಹುಟ್ಟುವುದು. ಅದೂ 64 ಅಕ್ಷರಗಳದ್ದೇ.

ಹೊರಜಗತ್ತಿನ ಎರಡು ನಿದರ್ಶನಗಳು

ಇದು ದೂರದ ಭಯವೆಂದು ಭಾವಿಸಬೇಕಿಲ್ಲ. 2019ರ ಏಪ್ರಿಲ್‌ನಲ್ಲಿ ಡಾಕರ್ ಹಬ್‌ನ ಒಂದು ದತ್ತಾಂಶ ಸಂಗ್ರಹಕ್ಕೆ ಅನಧಿಕೃತ ಪ್ರವೇಶವಾಗಿ, ಸುಮಾರು 1,90,000 ಖಾತೆಗಳ ಮಾಹಿತಿ ಬಯಲಾಯಿತು. ಅವುಗಳಲ್ಲಿ ಸ್ವಯಂಚಾಲಿತ ಕಟ್ಟುವಿಕೆಗೆ ಬಳಸುತ್ತಿದ್ದ ಟೋಕನ್‌ಗಳೂ ಸೇರಿದ್ದವು. ಸಂಸ್ಥೆಯು ಆ ಟೋಕನ್‌ಗಳನ್ನು ರದ್ದುಪಡಿಸಿ, ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸುವಂತೆ ಸೂಚಿಸಬೇಕಾಯಿತು.

2021ರಲ್ಲಿ ಕೋಡ್‌ಕೋವ್ ಎಂಬ ಅಮೆರಿಕದ ಸಂಸ್ಥೆಯಲ್ಲಿ ನಡೆದದ್ದು ಇನ್ನೂ ಬೋಧಪ್ರದ. ಅದರ ಡಾಕರ್ ಇಮೇಜ್ ಕಟ್ಟುವ ಕ್ರಮದಲ್ಲಿದ್ದ ದೋಷದಿಂದ ಒಂದು ಕೀಲಿಯನ್ನು ಹೊರತೆಗೆಯಲು ಸಾಧ್ಯವಾಯಿತು. ಅದನ್ನು ಪಡೆದವರು ಗ್ರಾಹಕರು ಬಳಸುತ್ತಿದ್ದ ಒಂದು ಸಣ್ಣ ಕಡತವನ್ನು ಜನವರಿ 31ರಿಂದ ತಿದ್ದಿ, ಗ್ರಾಹಕರ ಸ್ವಯಂಚಾಲಿತ ವ್ಯವಸ್ಥೆಗಳಲ್ಲಿದ್ದ ಕೀಲಿಗಳು ತಮ್ಮತ್ತ ಹರಿಯುವಂತೆ ಮಾಡಿದರು. ಸಂಸ್ಥೆಗೆ ಇದು ತಿಳಿದದ್ದು ಏಪ್ರಿಲ್ 1ರಂದು. ಎರಡು ತಿಂಗಳ ಕಾಲ ಯಾವ ಗ್ರಾಹಕನ ವ್ಯವಹಾರವೂ ನಿಲ್ಲಲಿಲ್ಲ; ಆದ್ದರಿಂದಲೇ ಯಾರಿಗೂ ಸಂಶಯ ಬರಲಿಲ್ಲ.

ಲಾರಿ ನಿಲ್ಲುವ ಇನ್ನೊಂದು ಕಾರಣ

ಕಳುವಿನಷ್ಟೇ ಕಷ್ಟ ಕೊಡುವುದು ಅಲಕ್ಷ್ಯ. ಪೂರೈಕೆದಾರನ ಬಳಿ ಕೆಲಸಕ್ಕಿದ್ದ ತಂತ್ರಜ್ಞನು ರಿಜಿಸ್ಟ್ರಿಯ ಟೋಕನ್ ಅನ್ನು ತನ್ನ ಸ್ವಂತ ಖಾತೆಯಲ್ಲಿ ಸೃಷ್ಟಿಸಿ, ನಂತರ ಕೆಲಸ ಬಿಟ್ಟನೆನ್ನಿ. ಅವನ ಖಾತೆ ಮುಚ್ಚಿದ ದಿನವೇ ತೊಂದರೆ ಕಾಣುವುದಿಲ್ಲ. ಚಾಲನೆಯಲ್ಲಿರುವ ತಂತ್ರಾಂಶ ನಡೆಯುತ್ತಲೇ ಇರುತ್ತದೆ. ಗಣಕಯಂತ್ರ ಕೆಟ್ಟು ಹೊಸದನ್ನು ತಂದಾಗ, ಅಥವಾ ಏಪ್ರಿಲ್ ಮೊದಲ ವಾರ ಹೊಸ ಆವೃತ್ತಿ ಇಳಿಸಬೇಕಾದಾಗ ರಿಜಿಸ್ಟ್ರಿ ಬಾಗಿಲು ತೆರೆಯುವುದಿಲ್ಲ. ಖಾತೆಯ ವಾರ್ಷಿಕ ಶುಲ್ಕ ಪಾವತಿಯಾಗದಿದ್ದರೂ ಹೀಗೆಯೇ ಆಗಬಹುದು. ಇನ್ನು ಡಾಕರ್ ಹಬ್ 2020ರ ನವೆಂಬರ್‌ನಲ್ಲಿ ಮಿತಿಯೊಂದನ್ನು ಜಾರಿಗೆ ತಂದು, ಲಾಗಿನ್ ಆಗದೆ ಇಳಿಸಿಕೊಳ್ಳುವವರಿಗೆ ಒಂದು ಅಂತರಜಾಲ ವಿಳಾಸದಿಂದ 6 ಗಂಟೆಗೆ 100 ಬಾರಿ ಎಂದು ನಿಗದಿಪಡಿಸಿತು. ಒಂದೇ ವಿಳಾಸವನ್ನು ಹಲವರು ಹಂಚಿಕೊಂಡಿದ್ದಲ್ಲಿ ನೆರೆಯವನ ಬಳಕೆಯಿಂದ ನಮ್ಮ ಪಾಲು ಮುಗಿದುಹೋಗಬಹುದು. ವಾರ್ಷಿಕ ವಹಿವಾಟು 10 ಕೋಟಿ ಹಾಗೂ ಮೇಲ್ಪಟ್ಟವರು 2025ರ ಏಪ್ರಿಲ್ 1ರಿಂದ ಇನ್‌ವಾಯ್ಸ್ ದಿನಾಂಕದಿಂದ 30 ದಿನಗಳೊಳಗೆ ನೋಂದಣಿ ಮುಗಿಸಬೇಕಾಗಿರುವುದರಿಂದ, ಬಾಕಿ ಉಳಿದದ್ದನ್ನು ನಿಧಾನವಾಗಿ ಸರಿಪಡಿಸೋಣವೆನ್ನುವ ಅವಕಾಶವೂ ಕಿರಿದಾಗಿದೆ.

ಲೆಕ್ಕಪರಿಶೋಧನೆಯ ದೃಷ್ಟಿ

ಕಂಪನಿಗಳು 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡನ್ನು ದಾಖಲಿಸುವ ಲೆಕ್ಕಪತ್ರ ತಂತ್ರಾಂಶವನ್ನೇ ಬಳಸಬೇಕು. ಮಾಲೀಕ, ಗುಮಾಸ್ತ, ಪೂರೈಕೆದಾರ ಮತ್ತು ಯಂತ್ರ - ನಾಲ್ವರೂ ಒಂದೇ ಲಾಗಿನ್ ಬಳಸಿದರೆ, ಯಾರು ಏನು ಮಾಡಿದರೆಂಬುದನ್ನು ಆ ಜಾಡು ಹೇಳಲಾರದು. ಇದಲ್ಲದೆ, 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. 180 ದಿನಗಳ ಲಾಗ್ ದಾಖಲೆಗಳನ್ನು ಕಾಯ್ದಿರಿಸಬೇಕು.

ಮಾಡಬೇಕಾದ ಕಾರ್ಯಗಳು

ಸದಸ್ಯರು ತಮ್ಮ ತಂತ್ರಾಂಶ ಪೂರೈಕೆದಾರರೊಡನೆ ಕುಳಿತು ಈ ಕೆಳಕಂಡ ಅಂಶಗಳಿಗೆ ಲಿಖಿತ ಉತ್ತರ ಪಡೆಯುವುದು ಉತ್ತಮ.

1. ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಎಪಿಐ ಬಳಕೆದಾರರಿದ್ದಾರೆ? ಬಿಟ್ಟುಹೋದ ಹಳೆಯ ಪೂರೈಕೆದಾರನದು ಇನ್ನೂ ಚಾಲ್ತಿಯಲ್ಲಿದೆಯೇ?
2. ಎಪಿಐ ಪಾಸ್‌ವರ್ಡ್ ಎಲ್ಲಿದೆ? ಅದು ಇಮೇಜಿನ ಒಳಗಿಲ್ಲವೆಂದು ಪೂರೈಕೆದಾರ ದೃಢೀಕರಿಸುವನೇ?
3. ರಿಜಿಸ್ಟ್ರಿಯ ಖಾತೆ ಸಂಸ್ಥೆಯ ಹೆಸರಿನಲ್ಲಿದೆಯೋ, ನೌಕರನ ಹೆಸರಿನಲ್ಲಿದೆಯೋ? ಶುಲ್ಕ ಸಲ್ಲಿಸಬೇಕಾದ ದಿನಾಂಕ ಯಾವುದು?
4. ನಮ್ಮ ಯಂತ್ರದಲ್ಲಿರುವ ಟೋಕನ್‌ಗೆ ಇಳಿಸಿಕೊಳ್ಳುವ ಅಧಿಕಾರ ಮಾತ್ರ ಇದೆಯೇ? ಅದರ ಅವಧಿ ಎಂದು ಮುಗಿಯುತ್ತದೆ?
5. ನೌಕರ ಬಿಟ್ಟಾಗ ಅಥವಾ ಒಪ್ಪಂದ ಮುಗಿದಾಗ ಕೀಲಿಗಳನ್ನು ಯಾರು, ಎಷ್ಟು ಗಂಟೆಗಳೊಳಗೆ ರದ್ದುಪಡಿಸುತ್ತಾರೆ?
6. ರಿಜಿಸ್ಟ್ರಿ ದೊರೆಯದ ದಿನ ಬಳಸಲು ಈಗಿನ ಇಮೇಜಿನ ಒಂದು ಪ್ರತಿ ನಮ್ಮಲ್ಲಿದೆಯೇ? ಪೋರ್ಟಲ್‌ನಲ್ಲಿ ಕೈಯಾರೆ ನೋಂದಾಯಿಸಲು ಬಲ್ಲ ನೌಕರ ಒಬ್ಬನಾದರೂ ಇದ್ದಾನೆಯೇ?

ಇವುಗಳ ಜೊತೆಗೆ ಮಾಲೀಕರು ತಾವೇ ಮಾಡಬಹುದಾದ ಕೆಲಸವೊಂದಿದೆ. ಪ್ರತಿದಿನ ಸಂಜೆ ಅಂಗಡಿ ಮುಚ್ಚುವ ಮುನ್ನ, ಪೋರ್ಟಲ್‌ನಲ್ಲಿ ಆ ದಿನ ಹುಟ್ಟಿದ ಐಆರ್‌ಎನ್‌ಗಳ ಸಂಖ್ಯೆಯನ್ನು ಮಾರಾಟ ಪುಸ್ತಕದ ಇನ್‌ವಾಯ್ಸ್‌ಗಳ ಸಂಖ್ಯೆಯೊಡನೆ ತಾಳೆ ನೋಡಬೇಕು. ಪುಸ್ತಕದಲ್ಲಿ 38 ಇದ್ದು ಪೋರ್ಟಲ್‌ನಲ್ಲಿ 39 ಕಂಡರೆ, ಅಂದೇ ಎಪಿಐ ಬಳಕೆದಾರನನ್ನು ಸ್ಥಗಿತಗೊಳಿಸಿ ಪಾಸ್‌ವರ್ಡ್ ಬದಲಿಸಿ, ಆ ಹೆಚ್ಚುವರಿ ಇನ್‌ವಾಯ್ಸನ್ನು 24 ಗಂಟೆಗಳೊಳಗೆ ರದ್ದುಪಡಿಸಬಹುದು. ತಿಂಗಳ ಕೊನೆಗೆ ರಿಟರ್ನ್ ಸಲ್ಲಿಸುವಾಗ ಕಂಡುಬಂದರೆ ಆ ಸೌಲಭ್ಯ ಇರುವುದಿಲ್ಲ.

ಸ್ವಯಂಚಾಲನೆಯನ್ನು ತೊರೆಯಬೇಕೆಂಬುದು ಇದರ ತಾತ್ಪರ್ಯವಲ್ಲ. ಅದರಿಂದ ಸಮಯವೂ ಉಳಿಯುತ್ತದೆ, ನಮೂದಿಸುವಾಗಿನ ತಪ್ಪುಗಳೂ ಕಡಿಮೆಯಾಗುತ್ತವೆ. ಗೋದಾಮಿನ ಕೀಲಿ ಕೊಡುವಾಗ ಯಾರಿಗೆ, ಎಷ್ಟು ದಿನಕ್ಕೆ, ಯಾವ ಬಾಗಿಲಿಗೆ ಎಂದು ವಿಚಾರಿಸಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ವರ್ತಕನು, ಯಂತ್ರಕ್ಕೆ ಕೊಟ್ಟ ಕೀಲಿಗಳಿಗೂ ಅಂತಹದೇ ಒಂದು ಪುಟವನ್ನು ತೆರೆಯಲಿ. ಕೀಲಿಯ ಹೆಸರು, ಕೊಟ್ಟ ದಿನಾಂಕ, ಅಧಿಕಾರದ ವ್ಯಾಪ್ತಿ, ಅವಧಿ ಮುಗಿಯುವ ದಿನ, ಹಿಂಪಡೆದ ದಿನ - ಈ ಐದು ಅಂಕಣಗಳ ಪುಟವನ್ನು ಮೂರು ತಿಂಗಳಿಗೊಮ್ಮೆ ತಿರುವಿ ನೋಡಿದರೆ ಸಾಕು.