ಎಂಜಿನ್ ಇಲ್ಲದ ರೈಲಿಗೆ ಎತ್ತರವೇ ಡೀಸೆಲ್!

ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ನುಗ್ಗಿ, ಕೂತವರನ್ನು ತಲೆಕೆಳಗು ಮಾಡಿ, ಮರುಕ್ಷಣದಲ್ಲೇ ನೆಟ್ಟಗೆ ನಿಲ್ಲಿಸುವ ರೋಲರ್ ಕೋಸ್ಟರ್ ರೈಲಿಗೆ ಎಂಜಿನ್ನೇ ಇಲ್ಲ! ಡ್ರೈವರ್ ಇಲ್ಲ, ಗೇರ್ ಇಲ್ಲ, ಆಕ್ಸಿಲರೇಟರ್ ಇಲ್ಲ. ಒಂದು ಸರಪಳಿ ಅದನ್ನು ದಿಬ್ಬದ ನೆತ್ತಿಗೆ ಎಳೆದು ಕೈಬಿಡುತ್ತದೆ, ಅಷ್ಟೇ. ಆಮೇಲಿನ ಪ್ರತಿ ತಿರುವು, ಪ್ರತಿ ಸುತ್ತು, ಪ್ರತಿ ಚೀರಾಟ ಆ ಒಂದೇ ಏರಿಕೆಯಲ್ಲಿ ಗಳಿಸಿದ ಎತ್ತರದ ಖರ್ಚು!

ಈ ಗುಟ್ಟನ್ನು ಭೀಮರಾಯನಗುಡಿಯವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಶಹಾಪುರದ ಮಗ್ಗುಲಿನ ಈ 'ಬಿ.ಗುಡಿ' ಬೆಳೆದಿದ್ದೇ ನೀರು ಇಳಿದು ಬರುವ ಲೆಕ್ಕದ ಮೇಲೆ. ಕೃಷ್ಣಾ ಭಾಗ್ಯ ಜಲ ನಿಗಮದ ಕಚೇರಿಗಳು, ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ (ಕಾಡಾ) ಕಚೇರಿ, ಕೃಷಿ ಮಹಾವಿದ್ಯಾಲಯ, ಎಲ್ಲವೂ ಇಲ್ಲಿರುವುದು ಕೃಷ್ಣೆಯ ದೆಸೆಯಿಂದ. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳನ್ನು ತಲುಪುವುದು ಬರೀ ಇಳಿಜಾರನ್ನು ನಂಬಿ. ದೊಡ್ಡ ಕಾಲುವೆಗಳು ಕಿಲೋಮೀಟರಿಗೆ ಒಂದು ಗೇಣಿನಷ್ಟು ಇಳಿಯುತ್ತ, ಎತ್ತರವನ್ನು ಜಿಪುಣರ ಹಾಗೆ ಖರ್ಚು ಮಾಡುತ್ತವೆ. ರೋಲರ್ ಕೋಸ್ಟರ್ ಅದೇ ಬಂಡವಾಳವನ್ನು ಒಂದೆರಡು ನಿಮಿಷದಲ್ಲಿ ಉಡಾಯಿಸಿಬಿಡುತ್ತದೆ! ಥೀಮ್ ಪಾರ್ಕೇ ಇಲ್ಲದ ಊರಿನಲ್ಲಿ ಕೂತು ಥೀಮ್ ಪಾರ್ಕಿನ ಒಳಮರ್ಮ ಬಿಚ್ಚುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಆಲಮಟ್ಟಿಯಿಂದ ಜಾರಿದರೆ?

ಒಂದು ಮೋಜಿನ ಲೆಕ್ಕ ಹಾಕೋಣ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ನಾರಾಯಣಪುರದ್ದು 492.25 ಮೀಟರ್. ನಡುವಿನ ಇಳಿತ 27 ಮೀಟರಿಗೆ ತುಸು ಹೆಚ್ಚು. ಇಷ್ಟೇ ಎತ್ತರದ ದಿಬ್ಬದಿಂದ ಒಂದು ರೈಲನ್ನು ಘರ್ಷಣೆಯಿಲ್ಲದೆ ಕೆಳಗೆ ಬಿಟ್ಟರೆ ತಳದಲ್ಲಿ ಅದರ ವೇಗ ಗಂಟೆಗೆ ಸುಮಾರು 83 ಕಿಲೋಮೀಟರ್! ದಿಬ್ಬ 40 ಮೀಟರ್ ಆದರೆ ವೇಗ 100 ದಾಟುತ್ತದೆ. ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾದಲ್ಲಿರುವ 'ನೈಟ್ರೋ' ಕೋಸ್ಟರ್ ಇದೇ ಅಳತೆಯದ್ದು. ಎತ್ತರ ಸುಮಾರು 40 ಮೀಟರ್, ವೇಗ ನೂರರ ಆಸುಪಾಸು.

ಇನ್ನೂ ಬೆರಗಿನ ಮಾತು ಕೇಳಿ. ಈ ಲೆಕ್ಕದಲ್ಲಿ ತೂಕಕ್ಕೆ ಜಾಗವೇ ಇಲ್ಲ! ರೈಲಿನ ತುಂಬ ಪೈಲ್ವಾನರು ಕೂತರೂ ಅಷ್ಟೇ, ಶಾಲಾ ಮಕ್ಕಳು ಕೂತರೂ ಅಷ್ಟೇ. ಗಾಳಿಯ ತಡೆ, ಗಾಲಿಯ ಘರ್ಷಣೆಯಿಂದ ಆಗುವ ಸಣ್ಣ ವ್ಯತ್ಯಾಸ ಬಿಟ್ಟರೆ ವೇಗ ಒಂದೇ. ಆದರೆ ವೇಗ ಇಮ್ಮಡಿಯಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು. ಅಬುಧಾಬಿಯ ಫೆರಾರಿ ವರ್ಲ್ಡ್‌ನಲ್ಲಿ 2010ರಲ್ಲಿ ಶುರುವಾದ 'ಫಾರ್ಮುಲಾ ರೋಸಾ' ಗಂಟೆಗೆ 240 ಕಿಲೋಮೀಟರ್ ಓಡುತ್ತದೆ. ಬರೀ ಇಳಿಜಾರಿನಿಂದ ಆ ವೇಗ ಬೇಕಿದ್ದರೆ ಸುಮಾರು 227 ಮೀಟರ್ ಎತ್ತರದ ದಿಬ್ಬ ಕಟ್ಟಬೇಕಿತ್ತು! ಹಾಗಾಗಿ ಅಲ್ಲಿಯ ಎಂಜಿನಿಯರುಗಳು ಅಂಥ ದಿಬ್ಬದ ಗೊಡವೆಗೇ ಹೋಗದೆ, ಹೈಡ್ರಾಲಿಕ್ ಬಲದಿಂದ ರೈಲನ್ನು ಐದು ಸೆಕೆಂಡಿನೊಳಗೆ ಮುಂದಕ್ಕೆ ಎಸೆಯುವ ಏರ್ಪಾಡು ಮಾಡಿದರು. ಹತ್ತುವವರ ಕಣ್ಣಿಗೆ ಕನ್ನಡಕ ಕಡ್ಡಾಯ.

ಘರ್ಷಣೆ ಎಂಬುದು ಮಾತ್ರ ದಾರಿಯುದ್ದಕ್ಕೂ ಸುಂಕ ವಸೂಲಿ ಮಾಡುತ್ತಲೇ ಇರುತ್ತದೆ. ಅದಕ್ಕೇ ಸರಪಳಿ ಎಳೆದ ಮೊದಲ ದಿಬ್ಬವೇ ಎಲ್ಲಕ್ಕಿಂತ ಎತ್ತರ. ಮುಂದಿನವೆಲ್ಲ ಅದಕ್ಕಿಂತ ಗಿಡ್ಡ. ಮುಂದಿನ ಸಲ ಗಮನಿಸಿ ನೋಡಿ!

ಗುಂಡಗಿಲ್ಲದ ಸುತ್ತು

ತಲೆಕೆಳಗಾಗುವ ಆ ಸುತ್ತು ದುಂಡಗಿದೆ ಎಂದುಕೊಂಡಿದ್ದೀರಾ? ಇಲ್ಲ! 1895ರಲ್ಲಿ ಅಮೆರಿಕದ ಕೋನಿ ಐಲ್ಯಾಂಡಿನಲ್ಲಿ 'ಫ್ಲಿಪ್ ಫ್ಲ್ಯಾಪ್ ರೈಲ್ವೆ' ಎಂಬುದನ್ನು ಪೂರ್ತಿ ದುಂಡಗೆ ಕಟ್ಟಿದ್ದರು. ಹತ್ತಿದವರ ಕುತ್ತಿಗೆ ಉಳುಕಿತು. ಕಾರಣ ಸರಳ. ದುಂಡು ಸುತ್ತಿನ ನೆತ್ತಿಯಲ್ಲಿ ಕೆಳಗೆ ಬೀಳದಂತೆ ದಾಟುವಷ್ಟು ವೇಗ ಬೇಕೆಂದರೆ, ಸುತ್ತಿನ ಬುಡದಲ್ಲಿ ಮೈಭಾರ ಕನಿಷ್ಠ ಆರು ಪಟ್ಟಾಗುತ್ತದೆ! 60 ಕೆ.ಜಿ. ಆಳು ಆ ಕ್ಷಣಕ್ಕೆ 360 ಕೆ.ಜಿ.

ಪರಿಹಾರ ಸಿಕ್ಕಿದ್ದು ಎಂಬತ್ತು ವರ್ಷಗಳ ಮೇಲೆ. ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ಸುತ್ತನ್ನು ತಲೆಕೆಳಗಾದ ಹನಿಯ ಆಕಾರಕ್ಕೆ ತಂದರು. ವೇಗ ಹೆಚ್ಚಿರುವ ಬುಡದಲ್ಲಿ ಅಗಲ ತಿರುವು, ವೇಗ ಕುಂದಿದ ನೆತ್ತಿಯಲ್ಲಿ ಬಿಗಿ ತಿರುವು. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಂಟನ್ ಶ್ವಾರ್ಜ್‌ಕಾಫ್ ಕಟ್ಟಿದ 'ರೆವಲ್ಯೂಷನ್' ಈ ಆಕಾರದಿಂದಲೇ ಗೆದ್ದಿತು. ಇದೇ ಬಗೆಯ ಬಾಗನ್ನು ರೈಲು ಹಳಿ, ಹೆದ್ದಾರಿಗಳ ತಿರುವಿನಲ್ಲೂ ಹಾಕುತ್ತಾರೆ. ಅಂದರೆ ರಸ್ತೆಯ ತಿರುವನ್ನು ಬಸ್ಸು ಮೈ ಜಗ್ಗದಂತೆ ದಾಟುವುದಕ್ಕೂ ಕೋಸ್ಟರ್ ತಲೆಕೆಳಗೆ ನಗಿಸುವುದಕ್ಕೂ ಒಂದೇ ಗಣಿತ!

ಹಾಗಾದರೆ ರೈಲು ಹಳಿ ಬಿಟ್ಟು ಹಾರುವುದಿಲ್ಲವೇ? ಹಾರಲಾರದು! ಅದರ ಗಾಲಿಗಳು ಹಳಿಯನ್ನು ಮೂರು ಕಡೆಯಿಂದ ಹಿಡಿದಿರುತ್ತವೆ. ಮೇಲೊಂದು, ಪಕ್ಕಕ್ಕೊಂದು, ಹಳಿಯ ಅಡಿಗೊಂದು. ಅಡಿಯ ಗಾಲಿಗೆ ಜಾನ್ ಮಿಲ್ಲರ್ ಎಂಬಾತ ಪೇಟೆಂಟ್ ಪಡೆದದ್ದು 1919ರಲ್ಲಿ. ಏರುವಾಗ ಕೇಳುವ ಆ ಟಕ್-ಟಕ್-ಟಕ್ ಸದ್ದು ಇದೆಯಲ್ಲ, ಎದೆ ನಡುಗಿಸುವ ಸದ್ದು, ಅದು ನಿಜಕ್ಕೂ ಅಭಯದ ಸದ್ದು. ಸರಪಳಿ ತುಂಡಾದರೂ ರೈಲು ಹಿಂದಕ್ಕೆ ಜಾರದಂತೆ ಉಕ್ಕಿನ ಕೊಕ್ಕೆಯೊಂದು ಹಲ್ಲಿನಿಂದ ಹಲ್ಲಿಗೆ ಬೀಳುತ್ತಿರುತ್ತದೆ.

ನಿಲ್ಲಿಸುವ ಬಗೆಯಂತೂ ಇನ್ನೂ ಸೋಜಿಗ. ಹಲವು ಹೊಸ ಆಟಗಳಲ್ಲಿ ಓಟ ತಗ್ಗಿಸುವ ಬ್ರೇಕು ಎಲ್ಲಿಯೂ ತಾಗುವುದೇ ಇಲ್ಲ! ಶಾಶ್ವತ ಅಯಸ್ಕಾಂತಗಳ ನಡುವೆ ತಾಮ್ರದ ಪಟ್ಟಿ ನುಗ್ಗುತ್ತದೆ. ಪಟ್ಟಿಯಲ್ಲಿ ತಾನಾಗಿ ಹುಟ್ಟುವ ವಿದ್ಯುತ್ತು ಆ ಓಟವನ್ನೇ ತಡೆಯುತ್ತದೆ. ಕರೆಂಟು ಹೋದರೂ ಈ ಬ್ರೇಕು ಕೈಕೊಡದು. ಗೋಪುರದ ತುದಿಯಿಂದ ಜನರನ್ನು ದಬಕ್ಕನೆ ಕೆಡವುವ ಆಟದಲ್ಲಿ 30 ಮೀಟರ್ ಬೀಳಲು ಬೇಕಾದ ಹೊತ್ತು ಎರಡೂವರೆ ಸೆಕೆಂಡು. ಆಮೇಲೆ ಕಾಣದ ಕೈಯೊಂದು ಹಿಡಿದ ಹಾಗೆ ವೇಗ ಕುಗ್ಗಿಬಿಡುವುದು ಇದರಿಂದಲೇ!

ಜಾತ್ರೆಯ ಬಯಲೂ ಪ್ರಯೋಗಾಲಯವೇ

ಇದೆಲ್ಲ ದೊಡ್ಡ ಪಾರ್ಕಿನ ಮಾತಾಯಿತು ಎನ್ನಬೇಡಿ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ಬಯಲಿಗೆ ಹೋಗಿ. ಜೈಂಟ್ ವೀಲ್, ಕೊಲಂಬಸ್, ಬ್ರೇಕ್ ಡ್ಯಾನ್ಸ್, ಮೌತ್ ಕಾ ಕುಂವಾ ಎಂಬ ಸಾವಿನ ಬಾವಿ! ಒಂದೊಂದೂ ಒಂದೊಂದು ಪಾಠ.

ಜೈಂಟ್ ವೀಲಿನವರು ಜನರನ್ನು ಸಿಕ್ಕಸಿಕ್ಕ ಹಾಗೆ ಹತ್ತಿಸುವುದಿಲ್ಲ. ಈ ತೊಟ್ಟಿಲಿಗೆ ನಾಲ್ವರು ಕೂತರೆ ಅದರ ಎದುರು ತೊಟ್ಟಿಲಿಗೂ ಜನ ಬೇಕು. ಏರುವ ಭಾರವನ್ನು ಇಳಿಯುವ ಭಾರ ತೂಗಿಸಿದರೆ ಮೋಟಾರಿಗೆ ಉಳಿಯುವುದು ಘರ್ಷಣೆಯ ಕೆಲಸ ಮಾತ್ರ. ಅಷ್ಟು ದೊಡ್ಡ ಚಕ್ರ ಅಷ್ಟು ಚಿಕ್ಕ ಮೋಟಾರಿಗೆ ತಿರುಗುವ ಗುಟ್ಟು ಇದೇ! ಇನ್ನು ಹೊಟ್ಟೆ ಚುಳ್ಳೆನ್ನುವುದು ಏಕೆ? 20 ಮೀಟರ್ ಅಡ್ಡಳತೆಯ ಚಕ್ರ ಹತ್ತು ಸೆಕೆಂಡಿಗೊಂದು ಸುತ್ತು ಹಾಕಿದರೆ, 60 ಕೆ.ಜಿ. ಆಳು ನೆತ್ತಿಯಲ್ಲಿ 36 ಕೆ.ಜಿ., ಬುಡದಲ್ಲಿ 84 ಕೆ.ಜಿ.! ಲಂಡನ್ನಿನ 135 ಮೀಟರ್ ಎತ್ತರದ 'ಲಂಡನ್ ಐ' ಒಂದು ಸುತ್ತಿಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಅಲ್ಲಿ ಮೈಭಾರ ಬದಲಾದದ್ದು ಗೊತ್ತೇ ಆಗದು. ಮೈ ನವಿರೇಳುವ ಲೆಕ್ಕದಲ್ಲಿ ನಮ್ಮ ಜಾತ್ರೆಯ ವೀಲೇ ಅದಕ್ಕಿಂತ ದೊಡ್ಡದು!

ಈ ಚಕ್ರದ ಚರಿತ್ರೆಯೂ ನಮ್ಮ ನಾಡನ್ನು ತಾಗಿ ಹೋಗುತ್ತದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1615ರಲ್ಲಿ ಕಾನ್‌ಸ್ಟಾಂಟಿನೋಪಲಿನ ರಂಜಾನ್ ಸಂಭ್ರಮದಲ್ಲಿ ಇಂಥದೊಂದು ಚಕ್ರ ಹತ್ತಿ ಖುಷಿಪಟ್ಟು ಬರೆದಿಟ್ಟ. ಅದೇ ಮನುಷ್ಯ 1623ರಲ್ಲಿ ಕೆಳದಿ ಅರಸರ ಇಕ್ಕೇರಿಗೆ ಬರುವ ಹಾದಿಯಲ್ಲಿ, ಮರಳ ಮೇಲೆ ಬರೆದು ಲೆಕ್ಕ ಕಲಿಯುತ್ತಿದ್ದ ಹುಡುಗರನ್ನು ಕಂಡು ಬೆರಗಾದ! ಮುಂದೆ 1893ರ ಷಿಕಾಗೋ ಮೇಳಕ್ಕೆ ಜಾರ್ಜ್ ಫೆರಿಸ್ 80 ಮೀಟರ್ ಎತ್ತರದ ಉಕ್ಕಿನ ಚಕ್ರ ನಿಲ್ಲಿಸಿದರು. 36 ಬೋಗಿ, ಒಂದೊಂದರಲ್ಲಿ 60 ಜನ. ಒಟ್ಟಿಗೆ 2,160 ಮಂದಿ ಆಕಾಶದಲ್ಲಿ! ಆ ಮೇಳದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲೇ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ್ದು. ಅವರ ಮಾತು ಮೊಳಗಿದ ದಿನಗಳಲ್ಲಿ ಅದೇ ಊರಿನಲ್ಲಿ ಆ ಚಕ್ರ ತಿರುಗುತ್ತಿತ್ತು.

ಕೊಲಂಬಸ್ ದೋಣಿಯ ಅಡಿಗೆ ಬಗ್ಗಿ ನೋಡಿ. ಅಲ್ಲೊಂದು ರಬ್ಬರ್ ಟೈರು ದೋಣಿಯ ಹೊಟ್ಟೆಯನ್ನು ಉಜ್ಜುತ್ತಿರುತ್ತದೆ. ಒಂದೇ ಏಟಿಗೆ ಎತ್ತುವ ಬಲ ಅದಕ್ಕಿಲ್ಲ. ಪ್ರತಿ ತೂಗಿಗೂ ಸರಿಯಾದ ಹೊತ್ತಿನಲ್ಲಿ ಒಂಚೂರು ನೂಕುತ್ತದೆ. ನಾಗರ ಪಂಚಮಿಗೆ ಜೋಕಾಲಿ ಜೀಕಿದ ನಮ್ಮ ಹೆಣ್ಣುಮಕ್ಕಳಿಗೆಲ್ಲ ಈ ವಿದ್ಯೆ ಕರಗತ!

ಮೌತ್ ಕಾ ಕುಂವಾದಲ್ಲಿ ಬೈಕು ನೆಟ್ಟನೆ ಗೋಡೆಯ ಮೇಲೆ ಓಡುವುದು ಮಾಟವಲ್ಲ. ಬಾವಿಯ ಅಡ್ಡಳತೆ 10 ಮೀಟರ್ ಇದ್ದು ಟೈರಿನ ಹಿಡಿತ ಚೆನ್ನಾಗಿದ್ದರೆ, ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗವೇ ಬೀಳದಿರಲು ಸಾಕು. ಹಲಗೆ ಟೈರನ್ನು ಒಳಕ್ಕೆ ಒತ್ತುತ್ತದೆ, ಆ ಒತ್ತಡದಿಂದ ಹುಟ್ಟಿದ ಘರ್ಷಣೆ ಬೈಕನ್ನು ಹೊತ್ತು ನಿಲ್ಲುತ್ತದೆ. ಕೋಸ್ಟರಿನಲ್ಲಿ ಸುಂಕ ಕೇಳುವ ಘರ್ಷಣೆ ಇಲ್ಲಿ ಪ್ರಾಣ ಕಾಯುತ್ತದೆ!

ಯಾವ ಪಾರ್ಕು ಯಾವುದಕ್ಕೆ?

ಬಿ.ಗುಡಿಯಿಂದ ನೋಡಿದರೆ ಬೆಂಗಳೂರಿನ ಸುಮಾರು ಅರ್ಧ ದೂರದಲ್ಲೇ ಹೈದರಾಬಾದಿನ ವಂಡರ್‌ಲಾ ಇದೆ. ವಿ-ಗಾರ್ಡ್ ಖ್ಯಾತಿಯ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ 'ವೀಗಾಲ್ಯಾಂಡ್' ತೆರೆದರು; 2005ರಲ್ಲಿ ಬಿಡದಿ ಬಳಿ ಬೆಂಗಳೂರಿನ ವಂಡರ್‌ಲಾ, 2016ರಲ್ಲಿ ಹೈದರಾಬಾದಿನದು, 2024ರಲ್ಲಿ ಭುವನೇಶ್ವರದ್ದು. ಇವರ ಹಲವು ಆಟಗಳು ಹೊರದೇಶದಿಂದ ಬಂದವಲ್ಲ, ತಾವೇ ಮಾಡಿಕೊಂಡವು! ಹೈದರಾಬಾದಿನ 'ರಿಕಾಯಿಲ್' ಹತ್ತಿದರೆ ರೈಲು ಮುಂದಕ್ಕೆ ಸುತ್ತಿ, ಅದೇ ಹಳಿಯ ಮೇಲೆ ಬೆನ್ನು ಮುಂದಾಗಿ ವಾಪಸು ಸುತ್ತುತ್ತದೆ. ಬಿಡದಿಯಲ್ಲಾದರೆ ಗೋಪುರದ ನೆತ್ತಿಯ ಮೇಲೇ ಒಂದು ಜೈಂಟ್ ವೀಲ್ ಇದೆ. ನೀರಾಟಕ್ಕೂ ಇವು ಹೆಸರುವಾಸಿ. ಜಾರುಗೊಳವೆಯ ನೀರನ್ನು ಪಂಪು ಮೇಲಕ್ಕೆತ್ತಬೇಕು, ಸೋಸಬೇಕು, ಮತ್ತೆ ಎತ್ತಬೇಕು. ನಾರಾಯಣಪುರದ ನೀರಿಗಿರುವ ಪುಕ್ಕಟೆ ಇಳಿಜಾರು ಅಲ್ಲಿಲ್ಲ.

ಆದರೆ 'ಥೀಮ್' ಎಂದರೆ ಕಥೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಈ ಬಗೆಯನ್ನು ಜಗತ್ತಿಗೆ ಪರಿಚಯಿಸಿತು. ನಮ್ಮ ಸುತ್ತಿನಲ್ಲಿ ಆ ಹಾದಿ ಹಿಡಿದದ್ದು 2013ರ ಇಮ್ಯಾಜಿಕಾ. ಅಲ್ಲಿ 'ಮಿಸ್ಟರ್ ಇಂಡಿಯಾ' ಸಿನಿಮಾವೇ ಒಂದು ಆಟವಾಗಿದೆ. ತೆರೆಯ ಮುಂದಿನ ಸೀಟು ಒಂದೆರಡು ಅಡಿ ಅಲುಗುತ್ತದೆ, ನಿಮಗೆ ಮೈಲಿಗಟ್ಟಲೆ ಹಾರಿದ ಹಾಗಾಗುತ್ತದೆ! ಸೀಟು ಮೆಲ್ಲಗೆ ಹಿಂದಕ್ಕೆ ವಾಲಿದಾಗ ಬೆನ್ನಿಗೆ ಒತ್ತು ಬೀಳುತ್ತದೆ, ಒಳಗಿವಿ ಆ ವಾಲಿಕೆಯನ್ನು 'ವೇಗ ಹೆಚ್ಚಿತು' ಎಂದು ಓದಿಕೊಳ್ಳುತ್ತದೆ. ಹಾಗೆ ಮೆಲ್ಲಗೆ ವಾಲುವುದನ್ನೂ ನುಗ್ಗುವುದನ್ನೂ ಬೇರೆ ಮಾಡಿ ತಿಳಿಯುವ ಶಕ್ತಿ ಅದಕ್ಕಿಲ್ಲ!

ನನ್ನ ತೀರ್ಪು ಹೀಗಿದೆ. ಎದೆಬಡಿತಕ್ಕೆ ನೈಟ್ರೋ, ಕುಟುಂಬದ ಇಡೀ ದಿನಕ್ಕೆ ವಂಡರ್‌ಲಾ, ಸಿನಿಮಾ ಲೋಕದ ಬೆರಗಿಗೆ ರಾಮೋಜಿ ಫಿಲ್ಮ್ ಸಿಟಿ, ಸಂಜೆಯ ಸಂಗೀತ ಕಾರಂಜಿಗೆ ಆಲಮಟ್ಟಿ. ಯಂತ್ರವನ್ನು ಕಣ್ಣಾರೆ ಕಂಡು ಕಲಿಯುವುದಕ್ಕೆ ಮಾತ್ರ ಜಾತ್ರೆಯನ್ನು ಮೀರಿಸುವ ಪಾರ್ಕಿಲ್ಲ. ಪಾರ್ಕಿನಲ್ಲಿ ಮೋಟಾರು ಬಣ್ಣದ ಗೋಡೆಯ ಹಿಂದೆ ಅಡಗಿರುತ್ತದೆ. ಜಾತ್ರೆಯಲ್ಲಿ ಟೈರು, ಬೆಲ್ಟು, ಜನರೇಟರು ಎಲ್ಲವೂ ಬಯಲಲ್ಲೇ.

ಶಾಲೆಯ ಪ್ರವಾಸ ಹೊರಡಿಸುವ ಮಾಸ್ತರರೇ, ಮಕ್ಕಳ ಕೈಗೆ ಒಂದು ಗಡಿಯಾರ ಕೊಡಿ. ವೀಲಿನ ಒಂದು ಸುತ್ತಿಗೆ ಎಷ್ಟು ಸೆಕೆಂಡು, ಗೋಪುರದಿಂದ ಬೀಳಲು ಎಷ್ಟು ಎಂದು ನೆಲದಲ್ಲೇ ನಿಂತು ಬರೆದುಕೊಳ್ಳಲಿ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸಲಿ. ಮತ್ತು ಅಪ್ಪ-ಅಮ್ಮಂದಿರೇ, ಆಟದ ಬಾಗಿಲಲ್ಲಿ ಎತ್ತರದ ಗೆರೆ ಇದ್ದರೆ ಮಗುವಿಗಾಗಿ ವಾದ ಮಾಡಬೇಡಿ. ಆ ಗೆರೆ ಸೀಟಿನ ಪಟ್ಟಿ ಮೈಯನ್ನು ಸರಿಯಾಗಿ ಹಿಡಿಯುವ ಅಳತೆ. ಜಾತ್ರೆಯಲ್ಲಾದರೂ ಸರಿ, ಪಾರ್ಕಿನಲ್ಲಾದರೂ ಸರಿ, ತೊಟ್ಟಿಲಿನ ಚಿಲಕ ಬಿದ್ದಿದೆಯೇ, ಸೀಟಿನ ಪಟ್ಟಿ ಬಿಗಿಯಾಗಿದೆಯೇ ಎಂದು ಕೈಯಿಂದ ಎಳೆದು ನೋಡಿ. ಸಡಿಲ ಅನ್ನಿಸಿದರೆ ದುಡ್ಡಿನ ಮುಖ ನೋಡದೆ ಇಳಿದುಬಿಡಿ.