ಕರಜಗಿಗೆ ಹೋಗಿ ಬರೋ ಡ್ರಮ್ ಕಿಟ್

ಕ್ಯಾಂಪಸ್ಸಿನಲ್ಲಿ ಬ್ಯಾಂಡ್ ಕಟ್ಟೋಣ ಅಂದ್ರೆ ಗಿಟಾರ್ ಹಿಡಿದವರು ಮೂವರು ಸಿಕ್ತಾರೆ, ಹಾಡೋರು ಹತ್ತು ಮಂದಿ ಸಿಕ್ತಾರೆ. ಎಲ್ಲರೂ ಬಂದು ನಿಲ್ಲೋದು ಒಂದೇ ಪ್ರಶ್ನೆ ಹತ್ತಿರ: ಡ್ರಮ್ಸ್ ಯಾರದು? ಗಿಟಾರ್ ಒಬ್ಬರ ಸ್ವಂತದ್ದು, ಕೋರ್ಸ್ ಮುಗಿದ ಮೇಲೆ ಅವರ ಜೊತೆಗೇ ಹೋಗುತ್ತೆ. ಡ್ರಮ್ ಕಿಟ್ ಹಾಗಲ್ಲ. ಎಲ್ಲರೂ ರೊಕ್ಕ ಕೂಡಿಸಿ ತರ್ತಾರೆ, ಮುಂದಿನ ಬ್ಯಾಚಿಗೆ ಬಿಟ್ಟು ಹೋಗ್ತಾರೆ. ಮೆಸ್ ಬಿಲ್ಲಿನಲ್ಲಿ ಉಳಿಸಿದ ದುಡ್ಡು ಅದರಲ್ಲಿರುತ್ತೆ. ಆದ್ದರಿಂದ ಅದು ಎರಡು ವರ್ಷಕ್ಕೆ ಮೂಲೆ ಸೇರಿದರೆ ಹಾಳಾಗೋದು ಒಬ್ಬರ ರೊಕ್ಕ ಮಾತ್ರ ಅಲ್ಲ.

ಕಡಿಮೆ ಬೆಲೆಗೆ ಸಿಗುವ, ಊರೂರು ತಿರುಗಿದರೂ ಬಾಳುವ ಕಿಟ್ ಆರಿಸೋದು ಹೇಗೆ ಅಂತ ಈ ಲೇಖನದಲ್ಲಿ ನೋಡೋಣ. ನಾವು ಹೇಳೋದರ ಸಾರ ಇಷ್ಟೇ: ಕಣ್ಣಿಗೆ ಹೊಳೆಯೋದಕ್ಕೆ ಕಡಿಮೆ ಖರ್ಚು ಮಾಡಿ, ಮುರಿಯೋದಕ್ಕೆ ಹೆಚ್ಚು ಖರ್ಚು ಮಾಡಿ.

ಮೊದಲು ಕರಜಗಿ ಪರೀಕ್ಷೆ

ಯಾವ ಕಿಟ್ ನೋಡಿದರೂ ನಾವು ಕೇಳೋ ಪ್ರಶ್ನೆ: ಇದು ಕರಜಗಿಗೆ ಹೋಗಿ ಬರುತ್ತಾ? ಕರಜಗಿ ಅಫಜಲಪುರ ತಾಲೂಕಿನ ಊರು, ಮಹಾರಾಷ್ಟ್ರದ ಗಡಿಗೆ ಹತ್ತಿರ. ಕಲಬುರಗಿಯಿಂದ ಹೊರಟರೆ ಅಫಜಲಪುರ ದಾಟಿ ಹೋಗಬೇಕು. ಟೆಂಪೋದಲ್ಲಿ ಆಂಪ್ಲಿಫೈಯರ್, ಸ್ಪೀಕರ್, ಏಳೆಂಟು ಮಂದಿ, ಅವರ ನಡುವೆ ಡ್ರಮ್ಸು. ಬಯಲಿನಲ್ಲಿ ಹಾಕಿದ ಸ್ಟೇಜು, ಹಲಗೆ ಸಮ ಇರೋದಿಲ್ಲ. ಬೇಸಿಗೆಯಾದರೆ 40 ಡಿಗ್ರಿ ದಾಟಿದ ಬಿಸಿಲು, ಜೊತೆಗೆ ಎರಿ ಮಣ್ಣಿನ ಧೂಳು. ರಾತ್ರಿ ಹತ್ತಕ್ಕೆ ಒಂದು ನಟ್ ಕಳೆದರೆ ಮ್ಯೂಸಿಕ್ ಅಂಗಡಿ ಹುಡುಕಲಿಕ್ಕೆ ಆಗೋದಿಲ್ಲ. ಜನ ಮಾತ್ರ ಕಾಯ್ತಾ ಕೂತಿರ್ತಾರೆ.

ಆಳಂದ, ಜೇವರ್ಗಿ, ಯಾವ ಕಡೆ ಹೋದರೂ ಇದೇ ಕಥೆ. ಕಾಲೇಜಿನ ಆಡಿಟೋರಿಯಮ್ಮಿನಲ್ಲಿ ಚೆನ್ನಾಗಿ ಕೇಳೋ ಕಿಟ್ಟೆಲ್ಲ ಈ ಪರೀಕ್ಷೆ ಪಾಸಾಗೋದಿಲ್ಲ.

ಕೊಳ್ಳಬೇಕಾ, ಬಾಡಿಗೆಗೆ ತರಬೇಕಾ?

ಇದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಹತ್ತು ಮಂದಿ ತಲಾ 5,000 ಹಾಕಿದರೆ 50,000 ರೂಪಾಯಿ ಆಯ್ತು. ವರ್ಷಕ್ಕೆ 20 ಕಾರ್ಯಕ್ರಮದಂತೆ ನಾಲ್ಕು ವರ್ಷ ಬಾರಿಸಿದರೆ 80 ಕಾರ್ಯಕ್ರಮ. ಒಂದಕ್ಕೆ ಬಿದ್ದ ಖರ್ಚು 625 ರೂಪಾಯಿ. ವರ್ಷಕ್ಕೆ ಐದೇ ಕಾರ್ಯಕ್ರಮ ಆದರೆ ಅದೇ ಕಿಟ್ಟಿಗೆ ತಲಾ 2,500 ಬೀಳುತ್ತೆ. ನಿಮ್ಮ ಊರಿನ ಬಾಡಿಗೆ ಎಷ್ಟು ಅಂತ ಕೇಳಿ, ಈ ಅಂಕಿಯ ಪಕ್ಕಕ್ಕೆ ಇಟ್ಟು ನೋಡಿ. ಫೆಸ್ಟಿಗೆ ಮಾತ್ರ ಬಾರಿಸೋ ತಂಡ ಬಾಡಿಗೆಗೆ ತರೋದೇ ವಾಸಿ. ಜಾತ್ರೆ, ಗಣೇಶೋತ್ಸವ, ಮದುವೆ ಅಂತ ತಿರುಗೋರಾದರೆ ಕೊಳ್ಳಿ.

ಇನ್ನೊಂದು ಪ್ರಶ್ನೆ ಬಂದೇ ಬರುತ್ತೆ: ರಿದಮ್ ಪ್ಯಾಡ್ ತಂದರೆ ಆಗೋದಿಲ್ವಾ? ನಿಮ್ಮದು ಸಿನಿಮಾ ಹಾಡಿನ ಆರ್ಕೆಸ್ಟ್ರಾ ಆದರೆ ಖಂಡಿತ ಆಗುತ್ತೆ. ಒಂದೇ ಬ್ಯಾಗಿನಲ್ಲಿ ಹಿಡಿಸುತ್ತೆ, ಢೋಲಕ್, ತಬಲಾ, ಡ್ರಮ್ಸ್ ಎಲ್ಲದರ ದನಿ ಅದರಲ್ಲೇ ಇರುತ್ತೆ. ಆದರೆ ಪ್ಯಾಡಿಗೆ ಕರೆಂಟ್ ಬೇಕು, ಒಳ್ಳೆ ಸ್ಪೀಕರ್ ಬೇಕು. ಜನರೇಟರ್ ನಿಂತರೆ ಪ್ಯಾಡೂ ನಿಲ್ಲುತ್ತೆ. ರಾಕ್, ಜಾನಪದ ಫ್ಯೂಷನ್ ಬಾರಿಸೋರಿಗೆ ಕಿಟ್ಟೇ ಬೇಕು. ಮುಂದಿನ ಮಾತೆಲ್ಲ ಅವರಿಗೆ.

ಎಷ್ಟು ಡ್ರಮ್ಮು, ಎಷ್ಟು ದೊಡ್ಡದು?

'ಫೈವ್ ಪೀಸ್' ಅಂದ್ರೆ ಐದು ಡ್ರಮ್ಮು. ತಾಳದ ತಟ್ಟೆಗಳು, ಅಂದ್ರೆ ಸಿಂಬಲ್‌ಗಳು, ಆ ಲೆಕ್ಕದಲ್ಲಿ ಬರೋದಿಲ್ಲ. ನಮ್ಮ ಸಲಹೆ ಫೋರ್ ಪೀಸ್: ಕಿಕ್, ಸ್ನೇರ್, ಒಂದು ಸಣ್ಣ ಟಾಮ್, ಒಂದು ಫ್ಲೋರ್ ಟಾಮ್. ಒಂದು ಟಾಮ್ ಕಡಿಮೆಯಾದರೆ ಕೇಳೋರಿಗೆ ಗೊತ್ತಾಗೋದಿಲ್ಲ. ಹೊರೋರಿಗೆ ಗೊತ್ತಾಗುತ್ತೆ.

ಜಾಗ ತಿನ್ನೋದು ಕಿಕ್ ಡ್ರಮ್ಮು. 22 ಇಂಚು ವ್ಯಾಸ, 18 ಇಂಚು ಆಳದ ಕಿಕ್ಕಿಗೆ ಹೋಲಿಸಿದರೆ 18 ಇಂಚು ವ್ಯಾಸ, 14 ಇಂಚು ಆಳದ ಕಿಕ್ಕಿನ ಘನ ಗಾತ್ರ ಶೇ. 52 ಮಾತ್ರ. ಅಂದ್ರೆ ಟೆಂಪೋದಲ್ಲಿ ಹೆಚ್ಚುಕಡಿಮೆ ಅರ್ಧ ಜಾಗ. ನಡುವಿನದು ಬೇಕಾದರೆ 20 ಇಂಚು ವ್ಯಾಸ, 16 ಇಂಚು ಆಳ, ಅದು ಶೇ. 73.

ಸಣ್ಣದಾದರೆ ದಮ್ಮು ಇರೋದಿಲ್ಲ ಅಂತ ಹೆದರಬೇಡಿ. ಆದರ್ಶ ಪೊರೆಯ ಸೂತ್ರ ಓದಿದ್ದೇವಲ್ಲ: ಮೂಲ ಆವರ್ತನ ವ್ಯಾಸಕ್ಕೆ ವಿಲೋಮ, ಬಿಗಿತದ ವರ್ಗಮೂಲಕ್ಕೆ ನೇರ ಅನುಪಾತ. ಲೆಕ್ಕ ಹಾಕಿದರೆ 22 ಇಂಚಿನ ಸ್ವರವೇ 18 ಇಂಚಿನಲ್ಲಿ ಬರಬೇಕಾದರೆ ಬಿಗಿತ ಮೂರನೇ ಒಂದು ಭಾಗ ಕಮ್ಮಿ ಮಾಡಬೇಕು. ಒಳಗಿನ ಗಾಳಿ, ಚಿಪ್ಪು ಎಲ್ಲ ಸೇರಿದರೆ ನಿಜದಲ್ಲಿ ಇಷ್ಟು ಸರಳ ಇರೋದಿಲ್ಲ, ದೊಡ್ಡ ಕಿಕ್ಕಿನ ಎದೆ ಗುದ್ದೋ ಸದ್ದು ಪೂರ್ತಿ ಬರೋದೂ ಇಲ್ಲ. ಆದರೆ ಮೈಕ್ ಹಾಕಿದ ಬಯಲು ಸ್ಟೇಜಿಗೆ 20 ಇಂಚು ಧಾರಾಳ ಸಾಕು.

ಚಿಪ್ಪಿನ ಮರದ ಬಗ್ಗೆ ಅಂಗಡಿಯವರು ಬಹಳ ಹೇಳ್ತಾರೆ. ಕಡಿಮೆ ಬೆಲೆಯ ಕಿಟ್ಟುಗಳಲ್ಲಿ ಸಾಮಾನ್ಯವಾಗಿ ಪಾಪ್ಲರ್ ಪ್ಲೈವುಡ್ ಇರುತ್ತೆ. ಯಮಾಹಾ ರೈಡೀನ್, ತಾಮಾ ಇಂಪೀರಿಯಲ್‌ಸ್ಟಾರ್ ಈ ಸಾಲಿಗೆ ಸೇರಿದವು. ಬರ್ಚ್, ಮೇಪಲ್ ಮೇಲಿನ ದರ್ಜೆಯವು. ಬಯಲಿನಲ್ಲಿ ಕೇಳೋರಿಗೆ ಮರದ ಜಾತಿ ತಿಳಿಯೋದಿಲ್ಲ. ಹೊದಿಕೆ ಹೊಸದಾ, ಶ್ರುತಿ ಸರಿಯಾ ಅನ್ನೋದು ತಿಳಿಯುತ್ತೆ. ಚಿಪ್ಪು ಸವೆಯೋ ವಸ್ತುವೂ ಅಲ್ಲ. ಆದ್ದರಿಂದ ಅದನ್ನು ಸೆಕೆಂಡ್ ಹ್ಯಾಂಡ್ ತರೋದು ಜಾಣತನ.

ಹಿತ್ತಾಳೆಯೋ, ಕಂಚೋ?

ಹೊದಿಕೆ ಬದಲಿಸಿ ಡ್ರಮ್ಮಿನ ದನಿ ಸುಧಾರಿಸಬಹುದು. ಕೆಟ್ಟ ಸಿಂಬಲ್ಲಿಗೆ ಔಷಧ ಇಲ್ಲ. 'ಕಂಪ್ಲೀಟ್ ಸೆಟ್' ಅಂತ ಒಂದೇ ಡಬ್ಬಿಯಲ್ಲಿ ಬರೋ ಅಗ್ಗದ ಕಿಟ್ಟಿನಲ್ಲಿ ಸಾಮಾನ್ಯವಾಗಿ ಹಿತ್ತಾಳೆ ಸಿಂಬಲ್ ಇರುತ್ತೆ. ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. ಕಂಚು ಅಂದ್ರೆ ತಾಮ್ರ ಮತ್ತು ತವರ. ಸಿಂಬಲ್ ಲೋಕದಲ್ಲಿ ಕಂಚಿಗೆ ಎರಡು ಮುಖ್ಯ ಹೆಸರು: ಬಿ8 ಅಂದ್ರೆ ಶೇ. 8 ತವರ, ಬಿ20 ಅಂದ್ರೆ ಶೇ. 20 ತವರ. ಗುಡಿಯ ಗಂಟೆಯ ಲೋಹವೂ ಹೆಚ್ಚುಕಡಿಮೆ ಬಿ20 ಅಳತೆಯದೇ. ಗಂಟೆ ಹೊಡೆದ ಮೇಲೆ ಉಳಿಯೋ ಆ ಅನುರಣನ ಹಿತ್ತಾಳೆ ತಟ್ಟೆ ಬಡಿದರೆ ಬರೋದಿಲ್ಲ ಅಂತ ನಿಮಗೆ ಗೊತ್ತೇ ಇದೆ.

ಬಿ20 ಬೆಲೆ ಜಾಸ್ತಿ. ಬಿ8 ದನಿ ಸ್ವಲ್ಪ ಚೂಪು, ಬಯಲು ಸ್ಟೇಜಿಗೆ ಆ ಚೂಪು ಒಳ್ಳೆಯದೇ. ಪೈಸ್ಟೆ ಪಿಎಸ್‌ಟಿ 5, ಸೇಬಿಯನ್ ಬಿ8ಎಕ್ಸ್ ಇಂಥವು ಈ ದರ್ಜೆಯವು. ಹೊಸ ಹಿತ್ತಾಳೆಗಿಂತ ಹಳೆಯ ಬಿ8 ಮೇಲು. ರೊಕ್ಕ ಸಾಲದಿದ್ದರೆ ಮೂರು ಸಾಧಾರಣ ಸಿಂಬಲ್ ಬದಲು 14 ಇಂಚಿನ ಒಳ್ಳೆ ಹೈ-ಹ್ಯಾಟ್ ಒಂದು ಜೋಡಿ, 18 ಇಂಚಿನ ಕ್ರ್ಯಾಶ್-ರೈಡ್ ಒಂದು ತನ್ನಿ. ಹಾಡಿನುದ್ದಕ್ಕೂ ಕೇಳೋದು ಹೈ-ಹ್ಯಾಟೇ.

ಮುರಿಯೋದು ಕಬ್ಬಿಣ

ಸ್ಟ್ಯಾಂಡು, ಪೆಡಲ್ಲು, ಸ್ಟೂಲು. ಫೋಟೋದಲ್ಲಿ ಯಾರೂ ಇದನ್ನ ನೋಡೋದಿಲ್ಲ. ಕಾರ್ಯಕ್ರಮ ನಿಲ್ಲಿಸೋದು ಮಾತ್ರ ಇದೇ.

ಸ್ಟ್ಯಾಂಡಿನ ಕಾಲುಗಳಿಗೆ ಜೋಡಿ ಪಟ್ಟಿ ಇರಲಿ, ಅಂಗಡಿಯಲ್ಲಿ ಇದಕ್ಕೆ 'ಡಬಲ್ ಬ್ರೇಸ್ಡ್' ಅಂತಾರೆ. ಒಂಟಿ ಪಟ್ಟಿಯದು ಹಗುರ, ಆದರೆ ಸಮ ಇಲ್ಲದ ಹಲಗೆ ಮೇಲೆ ಬೇಗ ಅಲುಗಾಡುತ್ತೆ. ಕೊಳವೆಗಳು ಸೇರೋ ಜಾಗದಲ್ಲಿ ತಿರುಪು ಬಿಗಿ ಮಾಡಿ, ಮೇಲಿಂದ ಒತ್ತಿ ನೋಡಿ. ಜಾರಿದರೆ ಬೇಡ. ಕಿಕ್ ಪೆಡಲ್ಲಿನಲ್ಲಿ ಕಾಲಿಟ್ಟು ಪಕ್ಕಕ್ಕೆ ಅಲ್ಲಾಡಿಸಿ. ಸಡಿಲ ಇದ್ದರೆ ಬೇರಿಂಗ್ ಸವೆದಿದೆ ಅಂತ ಅರ್ಥ. ಹೈ-ಹ್ಯಾಟ್ ಕ್ಲಚ್ ಬಹಳ ಸಣ್ಣ ಭಾಗ, ಅದರ ಥ್ರೆಡ್ ಹೋದರೆ ಮೇಲಿನ ಸಿಂಬಲ್ ನಿಲ್ಲೋದೇ ಇಲ್ಲ. ಅದನ್ನ ತಪ್ಪದೆ ಬಿಚ್ಚಿ ನೋಡಿ.

ಹೊದಿಕೆ ಮತ್ತು ಶ್ರುತಿ

ಹಲಗೆ ಬಾರಿಸೋರು ಶುರು ಮಾಡೋ ಮೊದಲು ಬೆಂಕಿಗೆ ಹಿಡಿದು ಕಾಸ್ತಾರೆ. ತೇವಕ್ಕೆ ಚರ್ಮ ಸಡಿಲಾಗುತ್ತೆ, ಕಾಸಿದರೆ ಬಿಗಿಯಾಗುತ್ತೆ. ಡ್ರಮ್ ಕಿಟ್ಟಿಗೂ ಮೊದಲು ಚರ್ಮವೇ ಇತ್ತು. 1950ರ ದಶಕದಲ್ಲಿ ಪಾಲಿಯೆಸ್ಟರ್ ಫಿಲ್ಮಿನ ಹೊದಿಕೆ ಬಂತು. 1957ರಲ್ಲಿ ಶುರುವಾದ ರೆಮೊ ಕಂಪನಿ ಅದನ್ನ ಎಲ್ಲೆಡೆ ಮುಟ್ಟಿಸಿತು. ತೇವಕ್ಕೆ ಇದು ಅಷ್ಟಾಗಿ ಜಗ್ಗೋದಿಲ್ಲ.

10 ಮಿಲ್, ಅಂದ್ರೆ ಸುಮಾರು 0.25 ಮಿ.ಮೀ. ದಪ್ಪದ ಒಂದು ಪದರದ ಹೊದಿಕೆ ಹೆಚ್ಚು ಮೊಳಗುತ್ತೆ. 7 ಮಿಲ್ಲಿನ ಎರಡು ಪದರದ್ದು ಹೆಚ್ಚು ಬಾಳುತ್ತೆ, ಅನುರಣನ ಕಡಿಮೆ. ತಿರುಗಾಟಕ್ಕೆ ಟಾಮ್‌ಗಳ ಮೇಲೆ ಎರಡು ಪದರದ್ದೇ ಹಾಕಿ.

ಟಾಮ್ ಬಾರಿಸಿದಾಗ ಒಂದು ಬೇಡದ ಗುಂಯ್ ಉಳಿಯುತ್ತಲ್ಲ, ಅದಕ್ಕೂ ಕಾರಣ ಇದೆ. ಸಾದಾ ಪೊರೆಯ ಆವರ್ತನಗಳು 1, 1.59, 2.14, 2.30 ಅನುಪಾತದಲ್ಲಿ ಬರ್ತವೆ. ಪೂರ್ಣಾಂಕ ಅಲ್ಲ, ಹಾಗಾಗಿ ಒಂದಕ್ಕೊಂದು ಹೊಂದೋದಿಲ್ಲ. ತಬಲಾ, ಮೃದಂಗದ ನಡುವಿನ ಕಪ್ಪು ಲೇಪ ಇದನ್ನ ತಿದ್ದಿ ಪೂರ್ಣಾಂಕದ ಹತ್ತಿರ ತರುತ್ತೆ. ಸಿ.ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಜೊತೆ 'ನೇಚರ್' ಪತ್ರಿಕೆಯಲ್ಲಿ ಇದನ್ನ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿವರವಾಗಿ ಬರೆದರು. ನಮ್ಮ ಡ್ರಮ್ಮಿಗೆ ಲೇಪ ಇಲ್ಲ. ಆದ್ದರಿಂದ ಟಾಮ್ ಅಂಚಿಗೆ ಒಂದು ತುಂಡು ಟೇಪು, ಕಿಕ್ ಒಳಗೆ ಒಂದು ಹಳೇ ಕೌದಿ. ಅದೇ ಕೌದಿ ಟೆಂಪೋದಲ್ಲಿ ಸುತ್ತಲಿಕ್ಕೂ ಬರುತ್ತೆ.

ಸೆಕೆಂಡ್ ಹ್ಯಾಂಡ್ ನೋಡೋವಾಗ

1. ಹೊದಿಕೆ ಬಿಚ್ಚಿಸಿ. ಚಿಪ್ಪನ್ನ ಪಾಲಿಶ್ ಗ್ರಾನೈಟ್ ಕಟ್ಟೆ ಮೇಲೆ ಬೋರಲು ಇಟ್ಟು, ಒಳಗೆ ಮೊಬೈಲ್ ಟಾರ್ಚ್ ಹಚ್ಚಿ. ಅಂಚಿನ ಕೆಳಗಿಂದ ಬೆಳಕು ಸೋರಿದರೆ ಅಂಚು ಸಮ ಇಲ್ಲ, ಶ್ರುತಿ ನಿಲ್ಲೋದಿಲ್ಲ. ಶಹಾಬಾದ್ ಕಲ್ಲಿನ ನೆಲ ಇದಕ್ಕೆ ಆಗೋದಿಲ್ಲ, ಅದೇ ಏರುಪೇರು ಇರುತ್ತೆ.
2. ಚಿಪ್ಪಿನ ವ್ಯಾಸವನ್ನ ನಾಲ್ಕು ದಿಕ್ಕಿನಲ್ಲಿ ಅಳೆಯಿರಿ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬಿಟ್ಟುಬಿಡಿ.
3. ಪ್ರತಿ ಟೆನ್ಷನ್ ರಾಡ್ ಕೈಯಿಂದಲೇ ತಿರುಗಿಸಿ. ಬಹಳಷ್ಟು ಕಿಟ್ಟುಗಳಲ್ಲಿ 12-24 ಥ್ರೆಡ್ ಇರುತ್ತೆ, ಬದಲಿ ಸಿಗುತ್ತೆ. ಕೆಲವು ಹಳೇ ಕಿಟ್ಟುಗಳದು ಬೇರೆ. ಒಂದು ಕಳೆದರೆ ಕಷ್ಟ.
4. ಸಿಂಬಲ್ ಅಂಚಿನ ಸುತ್ತ ಉಗುರು ಆಡಿಸಿ. ಸಿಕ್ಕಿಕೊಂಡರೆ ಸೀಳು ಇದೆ. ಸೀಳಿನ ತುದಿಗೆ ಸಣ್ಣ ತೂತು ಕೊರೆದರೆ ಅಲ್ಲಿನ ಒತ್ತಡ ಹಂಚಿಹೋಗಿ ಸ್ವಲ್ಪ ದಿನ ತಡೆಯುತ್ತೆ, ಆದರೆ ಅದಕ್ಕೆ ಪೂರ್ತಿ ಬೆಲೆ ಕೊಡಬೇಡಿ.
5. ಸಿಂಬಲ್ಲಿನ ನಡುವಿನ ತೂತು ದುಂಡಗೆ ಇದೆಯಾ ನೋಡಿ. ಪ್ಲಾಸ್ಟಿಕ್ ಸ್ಲೀವ್ ಇಲ್ಲದೆ ಬಾರಿಸಿದ್ದರೆ ಕಬ್ಬಿಣ ತಿಕ್ಕಿ ತೂತು ಉದ್ದ ಆಗಿರುತ್ತೆ.

ರೊಕ್ಕ ಹಂಚೋದು ಹೇಗೆ?

50,000 ರೂಪಾಯಿಗೆ ನಾವು ಹಾಕಿದ ಹಂಚಿಕೆ ಇದು. ಮೊತ್ತ ಬೇರೆ ಆದರೂ ಪಾಲು ಹೆಚ್ಚುಕಡಿಮೆ ಹೀಗೇ ಇಡಿ.

- ಹಳೆಯ ಫೋರ್ ಪೀಸ್ ಚಿಪ್ಪುಗಳು: 17,500
- ಸಿಂಬಲ್‌ಗಳು: 12,500
- ಸ್ಟ್ಯಾಂಡು, ಪೆಡಲ್ಲು, ಸ್ಟೂಲು: 12,500
- ಹೊಸ ಹೊದಿಕೆ, ಕೋಲು: 4,000
- ಬ್ಯಾಗು, ಜಮಖಾನ, ಬಿಡಿಭಾಗ: 3,500

ಕೊನೆಯ ಸಾಲನ್ನ ಕತ್ತರಿಸಬೇಡಿ. ಜಮಖಾನ ಇಲ್ಲದಿದ್ದರೆ ಕಿಕ್ಕು ಪ್ರತಿ ಹಾಡಿಗೂ ಮುಂದೆ ಜಾರುತ್ತೆ. ಒಂದು ಟಿಫಿನ್ ಡಬ್ಬಿಯಲ್ಲಿ ಇವಿಷ್ಟು ಯಾವಾಗಲೂ ಇರಲಿ: ಎರಡು ಡ್ರಮ್ ಕೀ, ನಾಲ್ಕು ಟೆನ್ಷನ್ ರಾಡು, ಸ್ಲೀವು, ಫೆಲ್ಟು, ರೆಕ್ಕೆ ನಟ್ಟುಗಳು, ಒಂದು ಹೈ-ಹ್ಯಾಟ್ ಕ್ಲಚ್, ಪೆಡಲ್ ಸ್ಪ್ರಿಂಗ್, ಸ್ನೇರ್ ಕೆಳಗಿನ ತಂತಿ ಕಟ್ಟೋ ದಾರ, ಟೇಪು. ಸ್ನೇರಿಗೆ ಒಂದು ಹೆಚ್ಚುವರಿ ಹೊದಿಕೆಯೂ ಬ್ಯಾಗಿನಲ್ಲಿರಲಿ.

ವಾಪಸ್ ಬಂದ ಮರುದಿನ ಧೂಳು ಒರೆಸೋದು, ತಿರುಪುಗಳಿಗೆ ಒಂದು ಹನಿ ಎಣ್ಣೆ ಬಿಡೋದು ಡ್ರಮ್ಮರ್ ಒಬ್ಬರ ಕೆಲಸ ಅಲ್ಲ, ಇಡೀ ತಂಡದ್ದು. ಸಿಂಬಲ್ ಮೇಲಿನ ನಟ್ಟು ಪೂರ್ತಿ ಬಿಗಿ ಮಾಡಬೇಡಿ, ತಟ್ಟೆ ತೂಗಲಿಕ್ಕೆ ಬಿಡಿ. ಬಿಗಿದ ಸಿಂಬಲ್ಲೇ ಬೇಗ ಸೀಳೋದು. ಕಿಟ್ಟನ್ನ ಮುಚ್ಚಿದ ಗಾಡಿಯಲ್ಲಿ ಬಿಸಿಲಿಗೆ ಬಿಟ್ಟು ಊಟಕ್ಕೆ ಹೋಗಬೇಡಿ, ಚಿಪ್ಪಿನ ಮೇಲಿನ ಪ್ಲಾಸ್ಟಿಕ್ ಹಾಳೆ ಉಬ್ಬಿ ಏಳುತ್ತೆ.

ಏನು ಯಾವಾಗ ತಂದಿದ್ದು, ಯಾವ ಹೊದಿಕೆ ಎಷ್ಟು ಕಾರ್ಯಕ್ರಮ ಬಾಳಿತು, ಏನು ಮುರಿಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಫೈನಲ್ ಇಯರ್ ಮುಗಿಸಿ ಹೋಗುವಾಗ ಜೂನಿಯರ್ಸ್ ಕೈಗೆ ಕಿಟ್ಟಿನ ಜೊತೆ ಆ ನೋಟ್‌ಬುಕ್ಕನ್ನೂ ಕೊಡಿ. ಅವರು ಮತ್ತೆ ತಲಾ ಐದು ಸಾವಿರ ಕೂಡಿಸಬೇಕಾಗಿ ಬರಬಾರದು.